340 ಗ್ರಾಂ ರಿವಾಲ್ವರ್, .357 ಮ್ಯಾಗ್ನಮ್ ತೋಟಾ, ಊದಿದ ಅಂಗೈ: ಹಿಡಿ ಬದಲಿಸಬೇಕೋ, ತೋಟಾ ಬದಲಿಸಬೇಕೋ?

ಚಾಮುಂಡಿಪುರಂ (ಫೋರ್ಟ್ ಕಾಲಿನ್ಸ್, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆಯನ್ನು ಇಂಗ್ಲಿಷಿನವರ ಬಳಿ ಕೇಳಿ ಸಾಕಾಗಿದೆ. ಅರ್ಧ ಜನ "ಹೆಂಗಸರಿಗೆ .22 ಸಾಕು" ಎನ್ನುತ್ತಾರೆ, ಉಳಿದವರು "ಅಭ್ಯಾಸವಾಗುತ್ತದೆ ಬಿಡಿ" ಎನ್ನುತ್ತಾರೆ. ಇಲ್ಲಿ ಯಾರಾದರೂ ಬಿಡಿಸಿ ಹೇಳಬಹುದೇನೋ ಎಂಬ ಆಸೆ.

ನನ್ನದು ಐದು ಗುಂಡಿನ ಚಿಕ್ಕ ರಿವಾಲ್ವರ್. ಸ್ಕ್ಯಾಂಡಿಯಮ್ ಬೆರೆಸಿದ ಅಲ್ಯೂಮಿನಿಯಮ್ ಚೌಕಟ್ಟು, ಟೈಟೇನಿಯಮ್ ಸಿಲಿಂಡರ್, ಎರಡು ಇಂಚಿಗೂ ಕಡಿಮೆ ನಳಿಗೆ. ಖಾಲಿ ಇದ್ದಾಗ 340 ಗ್ರಾಂ ತೂಗುತ್ತದೆ. ನಾನು, ನಮ್ಮ ಯಜಮಾನರು ಇಬ್ಬರೂ ಬೆಟ್ಟ ಹತ್ತುವ ಹುಚ್ಚಿನವರು. ಬೆನ್ನುಚೀಲಕ್ಕೆ ಹಾಕುವ ಪ್ರತಿಯೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡುವ ಚಾಳಿ ನನಗಿದೆ. ಅಂಗಡಿಯವರು ಇದನ್ನು ಕೈಗಿಟ್ಟಾಗ ಭಾರವೇ ಇಲ್ಲವಲ್ಲ ಎಂದು ಖುಷಿಯಾಗಿ ತಂದೆ.

158 ಗ್ರೇನ್ (ಸುಮಾರು 10 ಗ್ರಾಂ) ಗುಂಡಿನ .357 ಮ್ಯಾಗ್ನಮ್ ಹೊಡೆದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿಗೆ ಯಾರೋ ಬೆತ್ತದಿಂದ ಬಾರಿಸಿದ ಹಾಗಾಗುತ್ತದೆ. ನಡುಬೆರಳಿನ ಗೆಣ್ಣಿಗೆ ಟ್ರಿಗರ್ ಗಾರ್ಡ್ ಬಡಿದು ಚರ್ಮ ಸುಲಿದಿದೆ. ಮೂರನೆಯ ಗುಂಡಿನಿಂದಾಚೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಏಳು ಗಜ ದೂರದ ಕಾಗದದಲ್ಲಿ ತೂತುಗಳು ಕೆಳಗೆ ಎಡಕ್ಕೆ ಹೋಗುತ್ತವೆ. ನನ್ನ ಕೈ ಚಿಕ್ಕದು. ಜೊತೆಗೆ ಬಂದ ರಬ್ಬರ್ ಹಿಡಿ ಗಿಡ್ಡ, ಕಿರುಬೆರಳಿಗೆ ಅಲ್ಲಿ ಜಾಗವೇ ಇಲ್ಲ. ಹಿಂಬದಿಯ ಲೋಹ ಬರಿದಾಗಿ ಅಂಗೈಗೆ ತಾಗುತ್ತದೆ.

ದೊಡ್ಡ ಹಿಡಿ ಹಾಕಿಸಿದರೆ ಸರಿಹೋಗುತ್ತದೆಯೇ? ಹಗುರವಾದ ಗುಂಡು ಹಾಕಿದರೆ ಒದೆತ ಕಡಿಮೆಯಾಗುತ್ತದೆಯೇ? ಮ್ಯಾಗ್ನಮ್‌ಗಿಂತ ಶಕ್ತಿ ಕಡಿಮೆಯ .38 ಸ್ಪೆಷಲ್ ತೋಟಾ ಹಾಕಿದರೆ ರಿವಾಲ್ವರಿಗೆ ಏನಾದರೂ ಆಗುತ್ತದೆಯೇ?

ರೈನಿಯರ್ ರಾಯರು (ಸಿಯಾಟಲ್)

ಮಾರಿಬಿಡಿ. ಆ ದುಡ್ಡಿಗೆ ಉಕ್ಕಿನ ರೂಗರ್ ಜಿಪಿ100 ಅಥವಾ ಸ್ಮಿತ್ ಆಂಡ್ ವೆಸನ್ 686, ನಾಲ್ಕು ಇಂಚಿನ ನಳಿಗೆಯದು ತೆಗೆದುಕೊಳ್ಳಿ. ಎರಡೂ ಒಂದು ಕಿಲೋ ದಾಟುತ್ತವೆ. ನನ್ನ ಹೆಂಡತಿ 686ರಲ್ಲಿ ಮ್ಯಾಗ್ನಮ್ ಹೊಡೆದು ಬಂದು ಅದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತಾಳೆ.

ವರ್ನಿಯರ್ (ಬೋಝ್‌ಮನ್, ಮೊಂಟಾನಾ)

ರಾಯರ ಸಲಹೆ ತಪ್ಪಲ್ಲ, ಆದರೆ ಮಾರುವ ತನಕ ಹೋಗಬೇಕಿಲ್ಲ. ಮೊದಲು ಲೆಕ್ಕ ನೋಡೋಣ. ಬೆಂಗಳೂರಿನ ಟೂಲ್ ರೂಮಿನಲ್ಲಿ ಜೀವಮಾನ ಕಳೆದವನು ನಾನು, ಅಳತೆ ಇಲ್ಲದ ಮಾತು ನನಗೆ ಜೀರ್ಣವಾಗುವುದಿಲ್ಲ.

ಒದೆತಕ್ಕೆ ಕಾರಣ ಎರಡು: ಮುಂದಕ್ಕೆ ಹೋಗುವ ಗುಂಡು, ಅದರ ಬೆನ್ನಿಗೇ ಹೋಗುವ ಉರಿದ ಮದ್ದಿನ ಅನಿಲ. ಇವೆರಡರ ಸಂವೇಗ ಎಷ್ಟೋ ಅಷ್ಟೇ ಸಂವೇಗದಿಂದ ರಿವಾಲ್ವರ್ ಹಿಂದಕ್ಕೆ ಬರಬೇಕು. ಹಾಗಾಗಿ ತೋಟಾ ಒಂದೇ ಇದ್ದು ತೂಕ ಮೂರನೇ ಒಂದು ಪಾಲಿಗೆ ಇಳಿದರೆ ಒದೆತದ ಶಕ್ತಿ ಮೂರು ಪಟ್ಟಾಗುತ್ತದೆ. ನಿಮ್ಮ ರಿವಾಲ್ವರಿಗೆ ಕೂಡಿ ಕಳೆದು ನೋಡಿದೆ. 158 ಗ್ರೇನ್ ಮ್ಯಾಗ್ನಮ್ ಗುಂಡು ಅಷ್ಟು ಗಿಡ್ಡ ನಳಿಗೆಯಿಂದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಹೊರಟರೆ ನಿಮ್ಮ ಕೈಗೆ ಬರುವುದು 30 ಜೂಲ್‌ಗಿಂತ ಹೆಚ್ಚು. ಅದೇ ತೋಟಾ ರಾಯರು ಹೇಳಿದ ಜಿಪಿ100ರಲ್ಲಿ ಇನ್ನೂ ಹೆಚ್ಚು ವೇಗ ಪಡೆದರೂ ಕೈಗೆ ಬರುವುದು 11 ಜೂಲ್ ಆಸುಪಾಸು. ಈಗ ಸ್ವಾರಸ್ಯ ನೋಡಿ: ನಿಮ್ಮ 340 ಗ್ರಾಂ ರಿವಾಲ್ವರಿನಲ್ಲಿ ಸಾಮಾನ್ಯ .38 ಸ್ಪೆಷಲ್ ಹೊಡೆದರೆ 9 ಜೂಲ್. ಅಂದರೆ ನಿಮ್ಮ ಕೈಯಲ್ಲಿ .38 ಎಂಬುದೇ ಅವರ ಮನೆಯವರ ಮ್ಯಾಗ್ನಮ್. ನಿಮ್ಮ ಮ್ಯಾಗ್ನಮ್ ಮನುಷ್ಯರಿಗೆ ಮಾಡಿದ್ದಲ್ಲ. ಅದು ಕ್ಯಾಟಲಾಗಿನಲ್ಲಿ ಅಚ್ಚಾಗಲು ಮಾಡಿದ್ದು.

1935ರಲ್ಲಿ ಈ ತೋಟಾ ಹೊರಬಂದಾಗ ಅದಕ್ಕೆಂದು ಮಾಡಿದ ರಿವಾಲ್ವರ್ ದೊಡ್ಡ ಚೌಕಟ್ಟಿನದು, ಒಂದು ಕಿಲೋ ಮೀರಿದ್ದು. ಹಳೆಯ .38 ರಿವಾಲ್ವರಿಗೆ ಇದು ತೂರದಿರಲಿ ಎಂದು ಮದ್ದು ತುಂಬುವ ಲೋಹದ ಕವಚವನ್ನು ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದರು. ಆದ್ದರಿಂದ .38 ತೋಟಾ ನಿಮ್ಮ ಸಿಲಿಂಡರಿನಲ್ಲಿ ಧಾರಾಳವಾಗಿ ಕೂರುತ್ತದೆ, ಯಾವ ಹಾನಿಯೂ ಇಲ್ಲ. ಒಂದೇ ತಾಪತ್ರಯ: ಗಿಡ್ಡ ಕವಚದ ಬಾಯಿಯ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಅದು ಬೆಳೆದರೆ ಆಮೇಲೆ ಉದ್ದದ .357 ತೋಟಾ ಪೂರ್ತಿ ಒಳಗೆ ಹೋಗುವುದಿಲ್ಲ. ಪ್ರತಿ ಬಾರಿ ಹೊಡೆದು ಬಂದ ಮೇಲೆ ದ್ರಾವಕ ಹಚ್ಚಿ ನೈಲಾನ್ ಬ್ರಷ್ ಆಡಿಸಿ. ಟೈಟೇನಿಯಮ್ ಸಿಲಿಂಡರ್ ಆದ್ದರಿಂದ ಉಜ್ಜುಕಾಗದ ಮುಟ್ಟಿಸಬೇಡಿ.

ಅಭ್ಯಾಸಕ್ಕೆ ನನ್ನ ಆಯ್ಕೆ 148 ಗ್ರೇನ್ ವಾಡ್‌ಕಟರ್. ಗುಂಡಿನ ಮೂತಿ ಚಪ್ಪಟೆ, ಕವಚದ ಬಾಯಿಯ ಮಟ್ಟಕ್ಕೇ ಕೂತಿರುತ್ತದೆ, ಮದ್ದು ಬಹಳ ಕಡಿಮೆ. ಕಾಗದದಲ್ಲಿ ಪಂಚಿಂಗ್ ಯಂತ್ರ ಹೊಡೆದ ಹಾಗೆ ಗುಂಡನೆಯ ತೂತು ಬೀಳುತ್ತದೆ, ಎಲ್ಲಿ ಹೊಡೆದಿರೆಂದು ಕಣ್ಣು ಕಿರಿದು ಮಾಡಿ ಹುಡುಕಬೇಕಿಲ್ಲ. ನಿಮ್ಮಲ್ಲಿ ಇದರ ಒದೆತ 7 ಜೂಲ್ ಒಳಗೆ. ಜೊತೆಯಲ್ಲಿ ಒಯ್ಯುವುದಕ್ಕೆ .38 ಪ್ಲಸ್ ಪಿ (ಸಾಮಾನ್ಯ .38ಕ್ಕಿಂತ ತುಸು ಹೆಚ್ಚು ಒತ್ತಡದ್ದು) ಸಾಕು. ಇಲ್ಲ, ಹೆಸರಿಗಾದರೂ ಮ್ಯಾಗ್ನಮ್ ಬೇಕು ಎಂದರೆ ಗಿಡ್ಡ ನಳಿಗೆಗೆಂದೇ ಮದ್ದು ಇಳಿಸಿದ ತೋಟಾ ಸಿಗುತ್ತವೆ. ಸ್ಪೀರ್ ಕಂಪನಿಯ 135 ಗ್ರೇನ್ ಗೋಲ್ಡ್ ಡಾಟ್ ಅಂಥದ್ದು, ವೇಗ ಸೆಕೆಂಡಿಗೆ 300 ಮೀಟರ್ ಆಸುಪಾಸು. ಒದೆತ ನೀವು ಈಗ ತಿನ್ನುತ್ತಿರುವುದರ ಅರ್ಧ.

ಹಗುರ ಗುಂಡಿನ ಬಗ್ಗೆ ಕೇಳಿದ್ದೀರಿ. 110 ಗ್ರೇನ್ ಮ್ಯಾಗ್ನಮ್ ತರಲು ಅಂಗಡಿಗೆ ಹೋಗುವ ಮುನ್ನ ನಿಮ್ಮ ನಳಿಗೆಯ ಮೇಲೆ ಏನು ಕೆತ್ತಿದೆ ಓದಿ. ಟೈಟೇನಿಯಮ್ ಸಿಲಿಂಡರಿನ ಕೆಲವು ಮಾದರಿಗಳಲ್ಲಿ 120 ಗ್ರೇನ್‌ಗಿಂತ ಹಗುರವಾದ ಮ್ಯಾಗ್ನಮ್ ಗುಂಡು ಕೂಡದು ಎಂದೇ ಬರೆದಿರುತ್ತದೆ. ಉರಿಯುವ ಮದ್ದು ಸಿಲಿಂಡರಿನ ಮುಖವನ್ನು ತಿನ್ನುತ್ತದೆ. 125 ಗ್ರೇನ್ ಪೂರ್ಣ ಶಕ್ತಿಯ ತೋಟಾ ಕೂಡ ನನಗೆ ಇಷ್ಟವಿಲ್ಲ. ಜೂಲ್ ಲೆಕ್ಕದಲ್ಲಿ ತುಸು ಕಡಿಮೆ ಕಾಣಬಹುದು, ಬೆಂಕಿ ಮತ್ತು ಸದ್ದು ಮಾತ್ರ ವಿಪರೀತ.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಇಷ್ಟು ಹಗುರ ರಿವಾಲ್ವರ್ ಹಿಂದಕ್ಕೆ ಹಾರಿದಾಗ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಕವಚವೂ ಅದರ ಜೊತೆಗೇ ಹಾರುತ್ತದೆ. ಗುಂಡು ಮಾತ್ರ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಕವಚದ ಬಾಯಿಯ ಬಿಗಿತ ಸಾಲದಿದ್ದರೆ ಗುಂಡು ಚೂರುಚೂರೇ ಮುಂದಕ್ಕೆ ಜರುಗುತ್ತದೆ. ಮೂತಿ ಸಿಲಿಂಡರಿನಿಂದ ಆಚೆ ಬಂತೋ, ಸಿಲಿಂಡರ್ ತಿರುಗುವುದಿಲ್ಲ. ಕೈಯಲ್ಲಿ ಉಳಿಯುವುದು ದುಬಾರಿ ಕಲ್ಲು. ಪರೀಕ್ಷೆ ಸುಲಭ. ಯಾವ ತೋಟಾ ಒಯ್ಯುತ್ತೀರೋ ಅದರಲ್ಲಿ ಐದು ತೆಗೆದುಕೊಂಡು, ಒಂದರ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಗುರುತು ಹಾಕಿ. ನಾಲ್ಕು ಹೊಡೆಯಿರಿ, ಗುರುತಿನದನ್ನು ಬಿಡಿ. ಅದನ್ನು ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಪೆಟ್ಟಿಗೆಯನ್ನು ರಾಯರಿಗೆ ಕಳಿಸಿಕೊಡಿ, ಅವರ ಒಂದು ಕಿಲೋ ರಿವಾಲ್ವರಿನಲ್ಲಿ ಏನೂ ಆಗುವುದಿಲ್ಲ. ತೂಕದ ಗುಂಡು, ಲೋಹದ ಹೊದಿಕೆಯಿಲ್ಲದ ಬರೀ ಸೀಸದ ಗುಂಡು ಹೆಚ್ಚಾಗಿ ಈ ಆಟ ಆಡುತ್ತವೆ.

ಈಗ ಹಿಡಿ. ಹಿಡಿಯಿಂದ ಒಂದು ಜೂಲ್ ಕೂಡ ಕಡಿಮೆಯಾಗುವುದಿಲ್ಲ. ಅದು ಮಾಡುವುದು ಹಂಚಿಕೆ ಮಾತ್ರ. ತುಂಬಿದ ಬಕೆಟ್ಟನ್ನು ಬರೀ ಕಂಬಿಯಲ್ಲಿ ಹಿಡಿದರೆ ಬೆರಳು ಕತ್ತರಿಸುತ್ತದೆ, ಕಂಬಿಗೆ ಬಟ್ಟೆ ಸುತ್ತಿದರೆ ಅದೇ ನೀರು, ಬೆರಳಿಗೆ ನೆಮ್ಮದಿ. ನೀವು ಮೂರು ಕಡೆ ನೋಡಬೇಕು. ಟ್ರಿಗರ್ ಗಾರ್ಡಿನ ಹಿಂದಿನ ಸಂದು ತುಂಬಿರಬೇಕು. ನಿಮ್ಮ ಗೆಣ್ಣು ಸುಲಿದದ್ದು ಆ ಖಾಲಿ ಜಾಗದಿಂದ. ಹಿಂಬದಿಯ ಲೋಹವನ್ನು ರಬ್ಬರ್ ಮುಚ್ಚಿರಬೇಕು. ಕಿರುಬೆರಳು ಹಿಡಿಯ ಮೇಲೇ ಕೂರಬೇಕು, ಗಾಳಿಯಲ್ಲಿ ಅಲ್ಲ. ಹೋಗ್, ಪ್ಯಾಕ್‌ಮೇಯರ್ ಕಂಪನಿಯವರಿಬ್ಬರೂ ನಿಮ್ಮ ಚೌಕಟ್ಟಿಗೆ ಹಿಂಬದಿ ಮುಚ್ಚಿದ ಮಾದರಿಯನ್ನೂ ಮಾಡುತ್ತಾರೆ, ತೆರೆದ ಮಾದರಿಯನ್ನೂ ಮಾಡುತ್ತಾರೆ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹಿಂದಿನಿಂದ ತೆಗೆದ ಚಿತ್ರ ನೋಡದೆ ತರಿಸಬೇಡಿ.

ನಿಮಗೆ ಒಂದು ಎಚ್ಚರಿಕೆ ಬೇಕು, ಏಕೆಂದರೆ ಕೈ ಚಿಕ್ಕದು. ಹಿಂಬದಿ ಮುಚ್ಚಿದರೆ ಅಂಗೈಗೂ ಕುದುರೆಗೂ ದೂರ ಹೆಚ್ಚುತ್ತದೆ. ಹೊಸ ಹಿಡಿ ಹಾಕಿ, ಖಾಲಿ ಎಂದು ಎರಡು ಬಾರಿ ನೋಡಿಕೊಂಡು ಹಿಡಿಯಿರಿ. ತೋರುಬೆರಳಿನ ಮೊದಲ ಗೆರೆಯಾದರೂ ಕುದುರೆಯನ್ನು ಮುಟ್ಟಬೇಕು. ಬರೀ ತುದಿ ತಾಕುತ್ತಿದ್ದರೆ ಎಳೆಯಲು ಬಲ ಸಾಲದೆ ಇಡೀ ರಿವಾಲ್ವರನ್ನು ಪಕ್ಕಕ್ಕೆ ತಿರುಗಿಸುತ್ತೀರಿ, ಒದೆತ ನೇರ ಹೆಬ್ಬೆರಳಿನ ಬುಡಕ್ಕೆ ಬರುತ್ತದೆ. ಆಗ ತೆರೆದ ಹಿಡಿಯೇ ವಾಸಿ. ಅಭ್ಯಾಸದ ದಿನ ಬೆರಳು ಕತ್ತರಿಸಿದ ಮೆತ್ತೆಯ ಕೈಗವಸು ಹಾಕಿಕೊಳ್ಳಿ.

ಕಣ್ಣು ಮುಚ್ಚುವುದಕ್ಕೆ ಕೈಗಿಂತ ಕಿವಿಯೇ ಹೆಚ್ಚು ಕಾರಣ. ಮ್ಯಾಗ್ನಮ್ ಸದ್ದು 160 ಡೆಸಿಬೆಲ್ ದಾಟುತ್ತದೆ. ಕಿವಿಯೊಳಗೆ ಸ್ಪಂಜಿನ ಬಿರಡೆ, ಮೇಲೆ ಇಯರ್ ಮಫ್, ಎರಡೂ ಬೇಕು. ನಾಲ್ಕು ಗೋಡೆಯ ಒಳಗಿನ ರೇಂಜ್ ಬಿಟ್ಟು ಬಯಲಿಗೆ ಹೋಗಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಚಾಮುಂಡಿಪುರಂ

ವರ್ನಿಯರ್ ಸರ್, ತುಂಬಾ ಧನ್ಯವಾದಗಳು. ನಳಿಗೆಯ ಮೇಲೆ ನೋಡಿದೆ, 120 ಗ್ರೇನ್ ಮಾತು ಅಲ್ಲೇ ಇದೆ! ಇಷ್ಟು ದಿನ ಅದು ಮಾದರಿಯ ಸಂಖ್ಯೆಯೇನೋ ಎಂದುಕೊಂಡಿದ್ದೆ. ಒಂದೇ ಅನುಮಾನ: .38 ಇಟ್ಟುಕೊಂಡು ಕರಡಿಯ ಕಾಡಿಗೆ ಹೋಗಬಹುದೇ?

ಬಾಳೆಲೆ ಕಾಫಿ (ದಕ್ಷಿಣ ಕೊಡಗು)

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಇರುವುದು 12 ಬೋರಿನ ಜೋಡುನಳಿಗೆ ಕೋವಿ, ಭುಜಕ್ಕೆ ಒತ್ತಿ ಹಿಡಿದರೆ ನೋವೇ ಗೊತ್ತಾಗುವುದಿಲ್ಲ. ಅದರ ಒದೆತ ಎಷ್ಟು ಜೂಲ್ ಆಗುತ್ತದೆ ವರ್ನಿಯರ್ ಅವರೇ? ಅಂಗೈ ಅಗಲದ ರಿವಾಲ್ವರ್ ಇಷ್ಟು ಒದೆಯುತ್ತದೆ ಎಂದರೆ ನಂಬಲು ಆಗುತ್ತಿಲ್ಲ.

ವರ್ನಿಯರ್ (ಬೋಝ್‌ಮನ್, ಮೊಂಟಾನಾ)

ಬಾಳೆಲೆಯವರಿಗೆ: ಮೂರು ಕಿಲೋ ಚಿಲ್ಲರೆ ತೂಗುವ ಕೋವಿಯಲ್ಲಿ 32 ಗ್ರಾಂ ಚರೆಯ ತೋಟಾ ಹೊಡೆದರೆ ಸುಮಾರು 30 ಜೂಲ್. ಅಂದರೆ ಈಕೆಯ ಮ್ಯಾಗ್ನಮ್‌ನಷ್ಟೇ. ನಿಮಗೆ ಹಿಂದೆ ಇಡೀ ಭುಜ ಇದೆ, ಅವರಿಗೆ ಇರುವುದು ಎರಡು ಬೆರಳಿನ ನಡುವಿನ ಚರ್ಮ.

ಕರಡಿಯ ವಿಷಯ. ಕೊಲೊರಾಡೊದಲ್ಲಿ ಇರುವುದು ಕಪ್ಪು ಕರಡಿ ಮಾತ್ರ, ಗ್ರಿಜ್ಲಿ ನಮ್ಮ ಮೊಂಟಾನಾ, ವ್ಯೋಮಿಂಗ್ ಕಡೆಯದು. ಎಲ್ಲಿಯೇ ಆಗಲಿ ಮೊದಲು ಕೈಗೆ ಬರಬೇಕಾದದ್ದು ಕರಡಿಗೆಂದೇ ಮಾಡಿದ ಮೆಣಸಿನ ಸ್ಪ್ರೇ, 225 ಗ್ರಾಂ ಅಥವಾ ಮೇಲ್ಪಟ್ಟ ಡಬ್ಬಿ, ಚೀಲದೊಳಗಲ್ಲ, ಸೊಂಟದಲ್ಲಿ. ಮೋಡವಾಗಿ ಹರಡುವುದರಿಂದ ನಡುಗುವ ಕೈಗೂ ಗುರಿ ಸಿಗುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳಲು 2010ರಿಂದ ಅವಕಾಶ ಇದೆ, ಹಾಗೆಂದು ಹಾರಿಸಲು ಅನುಮತಿ ಕೊಟ್ಟಿದ್ದಾರೆ ಎಂದು ತಿಳಿಯಬೇಡಿ. ಗ್ರಿಜ್ಲಿ ಇರುವ ಕಡೆ ಬಂದೂಕೂ ಬೇಕು ಎನ್ನುವವರು 180 ಗ್ರೇನ್ ಗಟ್ಟಿ ಸೀಸದ ಗುಂಡು ಹಾಕುತ್ತಾರೆ. ಅದು ರಾಯರ ರಿವಾಲ್ವರಿನ ಕೆಲಸ, ನಿಮ್ಮದರದ್ದಲ್ಲ. ನಿಮ್ಮದರಲ್ಲಿ ಎರಡನೆಯ ಗುಂಡಿಗೇ ಸಿಲಿಂಡರ್ ಕಚ್ಚಿಕೊಳ್ಳಬಹುದು.

ಹಿಡಿದುಕೊಳ್ಳುವ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಕೈಯನ್ನು ಹಿಂಬದಿಯಲ್ಲಿ ಸಾಧ್ಯವಾದಷ್ಟು ಮೇಲೆ ಕೂರಿಸಿ. ಕೆಳಗೆ ಹಿಡಿದಷ್ಟೂ ಮೂತಿ ಮೇಲಕ್ಕೆ ಏಳುತ್ತದೆ. ಆದರೆ ಎಡಗೈ ಹೆಬ್ಬೆರಳು ಸಿಲಿಂಡರಿನ ಮುಂಚೂಣಿ ದಾಟಬಾರದು. ಅಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದು ಇದೆ, ಅದರಿಂದ ಹೊರಡುವ ಬಿಸಿ ಅನಿಲ ಬೆರಳನ್ನು ಸೀಳುತ್ತದೆ. ಈ ಸಂದು ಇಲ್ಲದ ಪಿಸ್ತೂಲು ಹೊಡೆದು ರೂಢಿಯಾದವರು ಇಲ್ಲಿಯೇ ಎಡವುತ್ತಾರೆ.

ಹೊಸಬ ಎಚ್‌1ಬಿ (ಡಲ್ಲಾಸ್)

ನನಗೂ ಒಂದು ಕೊಳ್ಳುವ ಮನಸ್ಸಾಗಿದೆ. ಜಿಪಿ100ಕ್ಕೆ ಯಾವ ಹಿಡಿ ಒಳ್ಳೆಯದು?

ರೈನಿಯರ್ ರಾಯರು (ಸಿಯಾಟಲ್)

ಹಿಡಿ ಆಮೇಲೆ, ಮೊದಲು ವೀಸಾ. ಎಚ್‌1ಬಿಯಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಒಕ್ಕೂಟ ಸರ್ಕಾರದ ಕಾನೂನಿನಲ್ಲೇ ನಿಷೇಧ ಇದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಮುಂತಾದ ಕೆಲವೇ ಅಪವಾದಗಳು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ರೇಂಜಿಗೆ ಹೋಗುವ ಮುನ್ನವೂ ವಲಸೆ ವಕೀಲರನ್ನು ಕೇಳಿ, ಸ್ನೇಹಿತರ ಮಾತು ನಂಬಿ ಹೊರಡಬೇಡಿ.

ಚಾಮುಂಡಿಪುರಂ

ಹಿಂಬದಿ ಮುಚ್ಚಿದ ಹಿಡಿ ತರಿಸಿ ಹಾಕಿದೆ. ತೋರುಬೆರಳಿನ ಗೆರೆ ಕುದುರೆಗೆ ಕೂದಲಂತರದಲ್ಲಿ ಮುಟ್ಟುತ್ತದೆ, ಹಾಗಾಗಿ ಅದನ್ನೇ ಇಟ್ಟುಕೊಂಡಿದ್ದೇನೆ. ವಾಡ್‌ಕಟರ್ ಒಂದು ಪೆಟ್ಟಿಗೆ ಹೊಡೆದೆವು. ನಮ್ಮ ಯಜಮಾನರು ನನಗೆ ತಿಳಿಯದಂತೆ ನಡುನಡುವೆ ಹೊಡೆದ ಖಾಲಿ ಕವಚ ತುಂಬಿ ಕೊಟ್ಟರು. ಖಾಲಿಯ ಮೇಲೆ ಕುದುರೆ ಎಳೆದಾಗ ಮೂತಿ ತಾನಾಗಿಯೇ ಕೆಳಗೆ ಜಗ್ಗಿದ್ದನ್ನು ಇಬ್ಬರೂ ನೋಡಿ ನಕ್ಕೆವು. ಕೊನೆಕೊನೆಗೆ ಜಗ್ಗುವುದು ಕಡಿಮೆಯಾಯಿತು. ಉಳಿದ 158 ಗ್ರೇನ್ ಮ್ಯಾಗ್ನಮ್‌ನಲ್ಲಿ ನೀವು ಹೇಳಿದ ಪರೀಕ್ಷೆಯನ್ನು ಅವರೇ ಮಾಡಿದರು. ನಾಲ್ಕು ಹೊಡೆದ ಮೇಲೆ ಐದನೆಯದು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಬೆಳೆದಿತ್ತು. ರಾಯರೇ, ನಿಮ್ಮ ಊರಿನ ಕಡೆ ಬಂದಾಗ ಪೆಟ್ಟಿಗೆ ತರುತ್ತೇನೆ.

ವರ್ನಿಯರ್ (ಬೋಝ್‌ಮನ್, ಮೊಂಟಾನಾ)

ಅರ್ಧ ಮಿಲಿಮೀಟರ್ ಬಹಳವಾಯಿತು. ಹೊಡೆಯದೆ ಉಳಿದ ಆ ಐದನೆಯದನ್ನು ಮತ್ತೆ ಸಿಲಿಂಡರಿಗೆ ಹಾಕಬೇಡಿ, ಬೇರೆ ಇಡಿ. ಹೊಸ ಹಿಡಿಯ ಸ್ಕ್ರೂ ಮೊದಮೊದಲು ಸಡಿಲವಾಗುತ್ತದೆ, ಪ್ರತಿ ಪೆಟ್ಟಿಗೆ ಮುಗಿದಾಗ ಒಮ್ಮೆ ನೋಡಿಕೊಳ್ಳಿ. ತೀರಾ ಬಿಗಿ ಮಾಡಿದರೆ ರಬ್ಬರಿನ ಒಳಗಿನ ತಿರುಪು ಕಿತ್ತು ಬರುತ್ತದೆ.