ಪದಚರ್ಚೆ: ಬೆಳ್ಳಿಯ ಮೇಲಿನ ‘ಠಸ್ಸೆ’, ‘ಟಂಚು’, ‘ಹಾಲ್‌ಮಾರ್ಕ್’ – ಯಾವುದಕ್ಕೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಪ್ಪಳ ತಾಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘಕ್ಕಾಗಿ, ಬೆಳ್ಳಿ ಒಡವೆ ಕೊಳ್ಳುವಾಗ ಏನು ನೋಡಿ ಕೊಳ್ಳಬೇಕು ಎಂಬ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಸಂಘದಲ್ಲಿ ಸಾಲ ತೆಗೆದು ಮಗಳಿಗೆ ಕಾಲ್ಚೈನು, ಕಾಲುಂಗುರ, ಮೊಮ್ಮಗನಿಗೆ ಉಡದಾರ ಮಾಡಿಸುವವರು ಇದನ್ನು ಓದುತ್ತಾರೆ. ಅವರು ದಿನಾ ಆಡುವ ಮಾತಿನಲ್ಲೇ ಬರೆಯಬೇಕೆಂಬುದು ನನ್ನ ಹಟ. ಆದರೆ ಆ ಮಾತುಗಳನ್ನು ಕೂಡಿಹಾಕುತ್ತ ಹೋದಂತೆ ಒಂದು ತೊಡಕು ಕಾಣಿಸಿತು. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಕಡೆಯ ಸರಾಫ ಅಂಗಡಿಗಳಲ್ಲಿ ಒಡವೆಯ ಮೇಲೆ ಒತ್ತಿದ ಗುರುತಿಗೆ ಠಸ್ಸೆ, ಸಿಕ್ಕಾ, ಸೀಲು, ಮಾರ್ಕು, ನಂಬರು, ಹಾಲ್‌ಮಾರ್ಕು ಎಂದು ಏನು ಬೇಕಾದರೂ ಅನ್ನುತ್ತಾರೆ. ಆರೂ ಮಾತು ಒಂದೇ ಅರ್ಥದಲ್ಲಿ ಓಡಾಡುತ್ತವೆ. ಅಂಗಡಿಯವರು ಕಾಲ್ಚೈನು ಕೈಗೆ ಕೊಟ್ಟು, “ಹಾಲ್‌ಮಾರ್ಕ್ ಮಾಲ್ ಐತ್ರಿ ಅಕ್ಕಾರ, ನೋಡ್ರಿ ಇಲ್ಲಿ ಠಸ್ಸೆ ಐತಿ” ಎನ್ನುತ್ತಾರೆ. ನೋಡಿದರೆ ಕೊಂಡಿಯ ಪಕ್ಕದ ಚಪ್ಪಟೆ ಎಲೆಯ ಮೇಲೆ ‘92.5’ ಎಂದು ಮಾತ್ರ ಒತ್ತಿರುತ್ತದೆ. ಇನ್ನೊಂದು ಬದಿಗೆ ಮಾಡಿದವರ ಹೆಸರಿನ ಎರಡಕ್ಷರ. ಅಷ್ಟೇ. ಆ ಅಂಕಿಯನ್ನು ಒತ್ತಿದವರು ಒಡವೆ ಮಾಡಿದವರೇ. ಅದು ಅವರ ಹೇಳಿಕೆ, ಯಾರೂ ಪರೀಕ್ಷಿಸಿ ಒತ್ತಿದ್ದಲ್ಲ. ಹೇಳಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ, ಎಷ್ಟೋ ಸಲ ಅದು ದಿಟವೇ ಆಗಿರುತ್ತದೆ. ಆದರೆ ಹೇಳಿಕೆಗೂ ಸಾಕ್ಷಿಗೂ ಒಂದೇ ಹೆಸರಿದ್ದರೆ, ಕೊಳ್ಳುವ ಹೆಣ್ಣುಮಗಳು ‘ಸಾಕ್ಷಿ ಎಲ್ಲಿ?’ ಎಂದು ಕೇಳುವುದಾದರೂ ಯಾವ ಮಾತಿನಲ್ಲಿ?

ಬಳಕೆಯಲ್ಲಿ ಇನ್ನೂ ಒಂದು ಜಾರುವಿಕೆ ಆಗಿದೆ. ‘ಹಾಲ್‌ಮಾರ್ಕ್ ಇರುವ ಬೆಳ್ಳಿ’ ಹೋಗಿ ‘ಹಾಲ್‌ಮಾರ್ಕ್ ಬೆಳ್ಳಿ’ ಆಯಿತು, ಅಲ್ಲಿಂದ ‘ಹಾಲ್‌ಮಾರ್ಕ್ ಕ್ವಾಲಿಟಿ’ ಆಯಿತು. ಗುರುತಿನ ಹೆಸರಾಗಿದ್ದದ್ದು ಈಗ ಗುಣದ ಹೆಸರಾಗಿದೆ. ‘ಹಾಲ್‌ಮಾರ್ಕ್ ಕ್ವಾಲಿಟಿ’ ಎಂದಾಗ ಹಾಲ್‌ಮಾರ್ಕ್ ಇದೆ ಎಂದು ಯಾರೂ ಹೇಳಿದಂತಾಗಲಿಲ್ಲ, ಕೇಳಿದವರು ಮಾತ್ರ ಇದೆ ಎಂದುಕೊಂಡರು.

ಮಾತಿನ ಮೂಲ ಗೊತ್ತಿದ್ದರೆ ವ್ಯತ್ಯಾಸ ತಿಳಿಯಾಗುತ್ತದೆ. ಲಂಡನ್ನಿನ ಅಕ್ಕಸಾಲಿಗರ ಸಂಘಕ್ಕೆ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಭವನವಿದೆ. 1478ರಿಂದ ಬೆಳ್ಳಿ ಬಂಗಾರದ ಸಾಮಾನನ್ನು ಆ ಹಾಲ್‌ಗೆ ತಂದು, ಪರೀಕ್ಷೆ ಮಾಡಿಸಿ, ಅಲ್ಲೇ ಮುದ್ರೆ ಒತ್ತಿಸಬೇಕೆಂದಾಯಿತು. ಹಾಲ್‌ನಲ್ಲಿ ಬಿದ್ದ ಮಾರ್ಕು ಹಾಲ್‌ಮಾರ್ಕು. ಮಾಡಿದವನ ಮನೆಯ ಹೊರಗೆ, ಬೇರೆಯವರ ಕೈಯಲ್ಲಿ ಬಿದ್ದದ್ದು ಎಂಬುದೇ ಆ ಪದದ ತಿರುಳು.

ನಮ್ಮ ದೇಶದಲ್ಲಿ ಆ ಬೇರೆಯವರ ಕೆಲಸ ಭಾರತೀಯ ಮಾನಕ ಬ್ಯೂರೋದ್ದು, ಅಂದರೆ ಬಿಐಎಸ್‌ನದು. ಬಂಗಾರಕ್ಕೆ 2000ದಲ್ಲೂ ಬೆಳ್ಳಿಗೆ 2005ರಲ್ಲೂ ಅದು ಹಾಲ್‌ಮಾರ್ಕ್ ಶುರು ಮಾಡಿತು. ಬಂಗಾರದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಗುತ್ತ ಬಂತು. ಬೆಳ್ಳಿಯದು ಐಚ್ಛಿಕವಾಗಿಯೇ ಉಳಿಯಿತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ. ಅದು ಅಕ್ಷರ, ಅಂಕಿ ಬೆರೆತ ಆರು ಚಿಹ್ನೆಗಳ ಸಂಕೇತ, ಒಂದೊಂದು ಒಡವೆಗೂ ಬೇರೆ ಬೇರೆ. ಅದು ಬಂದಾಗಲೂ ಕಡ್ಡಾಯ ಮಾಡಲಿಲ್ಲ. ಹಾಗಾಗಿ ಹಾಲ್‌ಮಾರ್ಕ್ ಇಲ್ಲದ ಬೆಳ್ಳಿ ಎಂದಾಕ್ಷಣ ಖೊಟ್ಟಿ ಎಂದು ಕರಪತ್ರದಲ್ಲಿ ಬರೆದರೆ ಅದು ತಪ್ಪು.

ಹೊಸ ಪದ್ಧತಿಯ ಹಾಲ್‌ಮಾರ್ಕಿನಲ್ಲಿ ಮೂರು ಗುರುತು ಇರುತ್ತವೆ: ‘ಸಿಲ್ವರ್’ ಎಂಬ ಇಂಗ್ಲಿಷ್ ಪದದ ಜೊತೆಗಿನ ಬಿಐಎಸ್‌ನ ತ್ರಿಕೋನದ ಚಿಹ್ನೆ, ಶುದ್ಧತೆಯ ಅಂಕಿ, ಎಚ್‌ಯುಐಡಿ. ಅದಕ್ಕೂ ಹಿಂದಿನ ಸಾಮಾನಿನಲ್ಲಿ ಎಚ್‌ಯುಐಡಿ ಬದಲು ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು ಇರುತ್ತಿದ್ದವು. ಆರು ಚಿಹ್ನೆಯ ಸಂಕೇತವನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಯಾವ ದಿನ ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂದು ತೋರಿಸುತ್ತದೆ. ಕೈಯಲ್ಲಿರುವುದು ಕಾಲ್ಚೈನು, ಫೋನಿನಲ್ಲಿ ಬಂದದ್ದು ಉಂಗುರ ಎಂದಾದರೆ ಅಲ್ಲೇ ನಿಲ್ಲಿಸಿ ಕೇಳಬೇಕು. ಹಾಲ್‌ಮಾರ್ಕ್ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ, ಕೊರತೆ ಬಿದ್ದ ಬೆಳ್ಳಿಯ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಿಗಬೇಕೆಂದು ಬಿಐಎಸ್ ನಿಯಮದಲ್ಲಿದೆ. ಅಂಗಡಿಯವರ ಬರೀ ಠಸ್ಸೆಗೆ ಈ ಬಲ ಇಲ್ಲ. ಎರಡಕ್ಕೂ ಎರಡು ಹೆಸರು ಬೇಕೇ ಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಈಗ ಅಂಕಿಯ ಮಾತು. ನಮ್ಮಲ್ಲಿ ‘ಟಂಚು’ ಎಂಬ ಮಾತು ಗಟ್ಟಿಯಾಗಿ ಬೇರೂರಿದೆ. ಮರಾಠಿ, ಹಿಂದಿ ವ್ಯಾಪಾರಿಗಳ ಬಾಯಿಂದ ಬಂದದ್ದು. “ಎಷ್ಟು ಟಂಚ್ ಐತ್ರಿ?” ಎಂದು ಕೇಳಿದರೆ “ಅರವತ್ತು”, “ಎಪ್ಪತ್ತು” ಎನ್ನುತ್ತಾರೆ. ನೂರಕ್ಕೆ ಇಷ್ಟು ಪಾಲು ಬೆಳ್ಳಿ ಎಂದರ್ಥ. ಹಾಲ್‌ಮಾರ್ಕಿನ ಅಂಕಿ ಸಾವಿರದ ಲೆಕ್ಕದ್ದು. 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಟಂಚಿನ ಮಾತಿನಲ್ಲಿ ತೊಂಬತ್ತೆರಡೂವರೆ. ಬೆಳ್ಳಿಗೆ ಬಿಐಎಸ್ ಒಪ್ಪಿದ ದರ್ಜೆಗಳಲ್ಲಿ 800, 835, 925, 970, 990 ಮೊದಲಿಂದ ಇದ್ದವು. 2025ರಲ್ಲಿ 958, 999 ಸೇರಿದವು. 800ಕ್ಕಿಂತ ಕೆಳಗಿನದಕ್ಕೆ ಹಾಲ್‌ಮಾರ್ಕ್ ಇಲ್ಲವೇ ಇಲ್ಲ. ಅಂದಮೇಲೆ ಅರವತ್ತು ಟಂಚಿನ ಕಾಲ್ಚೈನಿಗೆ ‘ಹಾಲ್‌ಮಾರ್ಕ್ ಮಾಲು’ ಎಂಬ ಮಾತು ಹೊಂದುವುದಿಲ್ಲ. ಟಂಚು ಒಳ್ಳೆಯ ಮಾತು, ಇಟ್ಟುಕೊಳ್ಳೋಣ. ‘ಶುದ್ಧತಾ ಪ್ರಮಾಣ’ ಎಂದು ಬರೆದರೆ ನಮ್ಮ ಸಂಘದಲ್ಲಿ ಯಾರೂ ಓದುವುದಿಲ್ಲ.

‘ಅಸಲಿ’, ‘ಚೊಕ್ಕ’, ‘ಅಪ್ಪಟ’ ಇವುಗಳ ವಿಷಯ ನಾಜೂಕಿನದು. 835 ಎಂದು ಹಾಲ್‌ಮಾರ್ಕ್ ಬಿದ್ದ ತಟ್ಟೆ ಅಸಲಿ ಹೌದು, ಅಪ್ಪಟ ಅಲ್ಲ. ಚೊಕ್ಕ ಬೆಳ್ಳಿ ತೀರ ಮೆತ್ತಗಿರುತ್ತದೆ, ಅದರಲ್ಲಿ ಮಾಡಿದ ಕೊಂಡಿ ನಿಲ್ಲುವುದಿಲ್ಲ, ತಾಮ್ರ ಬೆರೆಸಲೇಬೇಕು. ಹಾಲ್‌ಮಾರ್ಕ್ ‘ಇದು ಅಪ್ಪಟ’ ಎಂದು ಹೇಳುವುದಿಲ್ಲ, ‘ಇದರಲ್ಲಿ ಇಷ್ಟಿದೆ’ ಎಂದು ಹೇಳುತ್ತದೆ. ಕರಪತ್ರದಲ್ಲಿ ‘ಅಪ್ಪಟ’ ಪದ ಬಳಸಬಾರದೆಂದು ನಿರ್ಧರಿಸಿದ್ದೇನೆ.

ಹಾಲ್‌ಮಾರ್ಕಿಗೆ ‘ಒರೆಗುರುತು’ ಎಂಬ ಕನ್ನಡದ ಮಾತು ಚೆನ್ನಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಕಿವಿಗೆ ಇಂಪಾಗಿದೆ, ಒಪ್ಪಲಾರೆ. ಒರೆಗಲ್ಲು ಬಂಗಾರಕ್ಕೆ ಹೇಳಿ ಮಾಡಿಸಿದ್ದು. ಬೆಳ್ಳಿಯ ಗೆರೆಗೂ ಬೇರೆ ಬಿಳಿ ಲೋಹದ ಗೆರೆಗೂ ಕಲ್ಲಿನ ಮೇಲೆ ಬಣ್ಣದ ಅಂತರ ಅಷ್ಟಾಗಿ ತಿಳಿಯದು. ಪತ್ತಾರರು, ಅಂದರೆ ಅಕ್ಕಸಾಲಿಗರು, ಬೆಳ್ಳಿಗೆ ಬೇರೆ ದಾರಿ ಹಿಡಿಯುತ್ತಾರೆ. ಅರದಿಂದ ಒಂದು ಮೂಲೆಯಲ್ಲಿ ಸಣ್ಣಗೆ ಗೀರಿ, ಮೇಲಿನ ಪದರ ಹೋದ ಜಾಗಕ್ಕೆ ನೈಟ್ರಿಕ್ ಆಮ್ಲದಲ್ಲಿ ಡೈಕ್ರೋಮೇಟ್ ಕರಗಿಸಿದ ಕಿತ್ತಳೆ ದ್ರವದ ಒಂದು ಹನಿ ಬಿಡುತ್ತಾರೆ. ಒಳ್ಳೆಯ ಬೆಳ್ಳಿಯಾದರೆ ಹನಿ ಕಡುಗೆಂಪಿಗೆ ತಿರುಗುತ್ತದೆ, ಬೆಳ್ಳಿ ಕಡಿಮೆಯಾದಂತೆ ಕಂದು, ಅರ್ಧಕ್ಕೆ ಇಳಿದರೆ ಹಸಿರು. ಆ ದ್ರವ ವಿಷ, ಮನೆಯಲ್ಲಿ ಮಾಡುವಂಥದ್ದಲ್ಲ. ಅದೂ ಅಂದಾಜು ಹೇಳುತ್ತದೆಯೇ ಹೊರತು 900ಕ್ಕೂ 925ಕ್ಕೂ ಭೇದ ಹೇಳುವುದಿಲ್ಲ. ಅಂಗಡಿಯಲ್ಲಿ ಕಿರಣ ಬಿಟ್ಟು ಅಂಕಿ ತೋರಿಸುವ ಯಂತ್ರ ಓದುವುದು ಮೇಲಿನ ತೆಳು ಪದರವನ್ನು. ಒಳಗೆ ತಾಮ್ರವಿದ್ದು ಮೇಲೆ ದಪ್ಪ ಬೆಳ್ಳಿ ಲೇಪವಿದ್ದರೆ ಅದಕ್ಕೆ ತಿಳಿಯದು.

ನಮ್ಮ ‘ಬೆಳ್ಳಿ’ ಎಂಬ ಮಾತೇ ಬಣ್ಣದಿಂದ ಹುಟ್ಟಿದ್ದು. ಬೆಳ್ಳಗೆ, ಬೆಳ್ದಿಂಗಳು, ಬೆಳ್ಳುಳ್ಳಿಯಲ್ಲಿರುವ ಬೆಳ್. ತೊಡಕೂ ಅಲ್ಲೇ ಇದೆ. ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆಗಳ ಸಾಲಂಗಡಿಯಲ್ಲಿ ‘ಜರ್ಮನ್ ಬೆಳ್ಳಿ’ ಎಂದು ಮಾರುವ ಕಡಗ, ಕುಂಕುಮದ ಬಟ್ಟಲುಗಳಲ್ಲಿ ಗುಲಗಂಜಿಯಷ್ಟೂ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತು ಕೂಡಿದ್ದು. ಬೆಳ್ಳಗಿದೆ ಎಂಬುದಕ್ಕೆ ಬೆಳ್ಳಿಯ ಹೆಸರು ಪಡೆಯಿತು. ಬೆರಕೆ ಬೆಳ್ಳಿಯೂ ಹಾಗೆಯೇ. ಅದನ್ನು ಕಾಯಿಸಿ ತೆಳು ಆಮ್ಲದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿಯಷ್ಟೇ ಉಳಿದು ಬೆಳ್ಳಗೆ ಮಿಂಚುತ್ತದೆ. ಅಂದಮೇಲೆ ಬಿಳುಪು ಯಾವುದಕ್ಕೂ ಸಾಕ್ಷಿಯಲ್ಲ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಕರಪತ್ರದ ತಲೆಬರಹಕ್ಕೇ ಇಡಬೇಕೆಂದಿದ್ದೇನೆ.

ಕರಪತ್ರದಲ್ಲಿ ಹಿಡಿಸದ, ಆದರೆ ಈ ಬಳಗಕ್ಕೆ ರುಚಿಸಬಹುದಾದ ಮಾತೊಂದಿದೆ. ಹಳೆಯ ಮನೆಗಳಲ್ಲಿ ‘ರೂಪಾಯಿ ಬೆಳ್ಳಿ’ ಎನ್ನುತ್ತಿದ್ದರು. ನಾಣ್ಯ ಕರಗಿಸಿ ಮಾಡಿಸಿದ ಡಾಬು, ಕಾಲ್ಗಡಗ, ಲಿಂಗದ ಕರಡಿಗೆಗಳಿಗೆ ಆ ಮಾತು. ಆ ಒಡವೆಗಳ ಮೇಲೆ ಯಾವ ಗುರುತೂ ಇರುವುದಿಲ್ಲ. ಆದರೆ ಕರಗಿಸುವ ಮೊದಲು ನಾಣ್ಯದ ಮೇಲೆ ಸರಕಾರದ ಸಿಕ್ಕಾ ಇತ್ತಲ್ಲ, ಅದೇ ಆಗ ಭರವಸೆ. ಯಾವ ಸರಕಾರದ್ದು ಎಂಬುದೇ ಪ್ರಶ್ನೆ. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ ಓಡುತ್ತಿದ್ದದ್ದು ಬ್ರಿಟಿಷರ ರೂಪಾಯಿ, ಒಂದು ತೊಲ ಅಂದರೆ 11.66 ಗ್ರಾಂ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ತುಂಗಭದ್ರೆಯ ಈಚೆ ರಾಯಚೂರು, ಕೊಪ್ಪಳ ನಿಜಾಮರ ಸೀಮೆ. ಇಲ್ಲಿ ಓಡುತ್ತಿದ್ದದ್ದು ಹಾಲಿ ಸಿಕ್ಕಾ, 11.178 ಗ್ರಾಂ ತೂಕ, ಸಾವಿರಕ್ಕೆ 818 ಪಾಲು ಬೆಳ್ಳಿ. ಬ್ರಿಟಿಷರದನ್ನು ನಮ್ಮವರು ಕಲ್ದಾರ್ ಎನ್ನುತ್ತಿದ್ದರು, ಯಂತ್ರದಲ್ಲಿ ಒತ್ತಿದ್ದು ಎಂಬ ಅರ್ಥದಲ್ಲಿ. ಆರು ಕಲ್ದಾರಿಗೆ ಏಳು ಹಾಲಿ ಎಂಬ ವಿನಿಮಯದ ಲೆಕ್ಕವಿತ್ತು. ಎರಡೂ ನಾಣ್ಯದೊಳಗಿನ ಬೆಳ್ಳಿಯನ್ನು ಗುಣಿಸಿ ನೋಡಿ: ಕಲ್ದಾರಿನಲ್ಲಿ ಸುಮಾರು 10.69 ಗ್ರಾಂ, ಹಾಲಿಯಲ್ಲಿ 9.14 ಗ್ರಾಂ. ಭಾಗಿಸಿದರೆ ಏಳಕ್ಕೆ ಆರರ ಲೆಕ್ಕ ಹೆಚ್ಚೂಕಡಿಮೆ ಕೂಡುತ್ತದೆ. ಹೊಳೆಯ ಎರಡು ದಂಡೆಯ ಎರಡು ‘ರೂಪಾಯಿ ಬೆಳ್ಳಿ’ಗೂ ನೂರಕ್ಕೆ ಸುಮಾರು ಹತ್ತು ಟಂಚಿನ ಅಂತರ. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರಿಂದ, ಬ್ರಿಟಿಷ್ ರೂಪಾಯಿಯೇ ಅರ್ಧ ಬೆಳ್ಳಿಗೆ ಇಳಿಯಿತು. ಬೆಸುಗೆ ಕೂಡಿದಷ್ಟೂ ಟಂಚು ಇನ್ನೂ ಇಳಿಯುತ್ತದೆ. ಅಜ್ಜಿಯ ಡಾಬನ್ನು ಮಾರಲು ಒಯ್ದಾಗ “ಇದರಾಗ ಮಾರ್ಕಿಲ್ಲ” ಎಂದು ಅಂಗಡಿಯವರು ದರ ಇಳಿಸಿದರೆ, ಕೊಡುವ ಮೊದಲು ಪರೀಕ್ಷೆ ಮಾಡಿಸುವುದು ಒಳಿತು.

ಅಂದಹಾಗೆ ಹಾಲಿ ಸಿಕ್ಕಾದ ‘ಹಾಲಿ’ಗೂ ಹಾಲ್‌ಮಾರ್ಕಿನ ‘ಹಾಲ್’ಗೂ ನಂಟಿಲ್ಲ. ಆ ಹಾಲಿ ಅರಬ್ಬಿಯಿಂದ ಬಂದದ್ದು, ‘ಈಗಿನ’ ಎಂದರ್ಥ. ‘ಹಾಲಿ ಶಾಸಕರು’ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ. ಸಿಕ್ಕಾ ಮಾತ್ರ ನಮ್ಮ ಕಡೆ ನಾಣ್ಯವೂ ಹೌದು, ಮುದ್ರೆಯೂ ಹೌದು. ‘ಸಹಿ ಸಿಕ್ಕಾ ಮಾಡಿಸ್ಕೊಂಡು ಬಾ’ ಎಂದು ಕಚೇರಿಗೆ ಕಳಿಸುವುದು ಇಂದಿಗೂ ಇದೆ. ಆ ಮಾತಿನಲ್ಲಿ ಮೇಲಿನವರ ಅಧಿಕಾರದ ದನಿ ಇದೆ. ಠಸ್ಸೆಯಲ್ಲಿ ಅದಿಲ್ಲ. ಮೂಟೆಯ ಮೇಲೂ ಠಸ್ಸೆ ಒತ್ತುತ್ತಾರೆ, ಇಟ್ಟಿಗೆಯ ಮೇಲೂ ಒತ್ತುತ್ತಾರೆ.

ಹಾಗಾಗಿ ನನ್ನ ಸೂಚನೆ ಹೀಗಿದೆ. ಮಾಡಿದವರು, ಮಾರುವವರು ತಾವೇ ಒತ್ತಿದ ಅಂಕಿ, ಅಕ್ಷರಗಳಿಗೆ ‘ಅಂಗಡಿ ಠಸ್ಸೆ’. ಪರೀಕ್ಷೆಯಾದ ಮೇಲೆ ಕೇಂದ್ರದಲ್ಲಿ ಬಿದ್ದ ಗುರುತಿಗೆ ‘ಹಾಲ್‌ಮಾರ್ಕ್ ಸಿಕ್ಕಾ’. ಅಂಕಿಗೆ ‘ಟಂಚು’, ಪಕ್ಕದಲ್ಲಿ ಸಾವಿರದ ಲೆಕ್ಕ. ‘ಹಾಲ್‌ಮಾರ್ಕ್’ ಪದವನ್ನು ಕನ್ನಡಿಸಲು ಹೋಗುವುದಿಲ್ಲ. ಬಿಲ್ಲಿನ ಮೇಲೂ ಬೋರ್ಡಿನ ಮೇಲೂ ಅದೇ ಇರುವಾಗ, ಕೊಳ್ಳುವವರು ಬೇರೆ ಪದ ಹಿಡಿದು ಹೋದರೆ ಅಂಗಡಿಯಲ್ಲಿ ಮಾತಿಗೆ ಮಾತು ಕೂಡುವುದಿಲ್ಲ. ಕೇಳುವ ಪ್ರಶ್ನೆಯನ್ನು ಆಡುಮಾತಿನಲ್ಲೇ ಹೀಗೆ ಬರೆದಿದ್ದೇನೆ: “ಇದು ನಿಮ್ಮ ಠಸ್ಸೆನೋ, ಹಾಲ್‌ಮಾರ್ಕ್ ಸಿಕ್ಕಾನೋ? ಟಂಚ್ ಎಷ್ಟು? ಬಿಲ್ಲಿನಾಗ ಬರದ ಕೊಡ್ರಿ.”

ನಿಮ್ಮಿಂದ ಬೇಕಾದದ್ದು ಇಷ್ಟು. ಬಳ್ಳಾರಿ, ಸಿರುಗುಪ್ಪ ಕಡೆಯವರು ‘ಸಿಕ್ಕಾ’ವನ್ನು ಮುದ್ರೆಯ ಅರ್ಥದಲ್ಲಿ ಬಳಸುತ್ತೀರೋ, ಅಥವಾ ಅದು ನಿಜಾಮರ ಸೀಮೆಯ ಮಾತಾಗಿಯೇ ಉಳಿದಿದೆಯೋ? ತೆಲುಗು ಹೆಚ್ಚು ಆಡುವ ಊರುಗಳಲ್ಲಿ ಅಂಗಡಿಯವರು ಏನೆನ್ನುತ್ತಾರೆ? ಪತ್ತಾರ ಮನೆತನದವರು ಬಳಗದಲ್ಲಿದ್ದರೆ, ಟಂಚು ಬರುವ ಮೊದಲು ಬೆಳ್ಳಿಯ ಬೆರಕೆಯನ್ನು ಅಳೆದು ಹೇಳಲು ನಿಮ್ಮ ಹಿರಿಯರು ಬಳಸುತ್ತಿದ್ದ ಮಾತು ಯಾವುದು? ‘ಕಲ್ದಾರ್ ಬೆಳ್ಳಿ’, ‘ಹಾಲಿ ಬೆಳ್ಳಿ’ ಎಂದು ಬೇರೆ ಬೇರೆಯಾಗಿ ಹೇಳುವುದನ್ನು ಮಸ್ಕಿ, ಸಿಂಧನೂರು, ಕುಷ್ಟಗಿ ಕಡೆ ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರೂ ಸೇರಿಸಿ ಬರೆಯಿರಿ.