ಹವಳದ ಕೂಡ ಬರುವ ಜೀವಿಗಳಿಗೆ ಕನ್ನಡದಲ್ಲಿ ಯಾವ ಪದ?

ಮಾನ್ಯರೆ,

ವಿಜಯಪುರದಲ್ಲಿ ಮನೆಯೊಳಗೆ ಉಪ್ಪುನೀರಿನ ತೊಟ್ಟಿಯಿಟ್ಟು ಹವಳ ಬೆಳೆಸುವ ನಾವು ಕೆಲವರು ಹೊಸಬರಿಗಾಗಿ ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದು, ಒಂದು ಪದದ ಬಳಿ ಬಂದು ಕೆಲಸ ನಿಂತಿದೆ. ಕೊಂಡುತಂದ ಹವಳದ ಕವಲಿನಲ್ಲಿಯೋ ಅದು ಅಂಟಿಕೊಂಡ ಕಲ್ಲಿನ ತೂತಿನಲ್ಲಿಯೋ ಅಡಗಿದ್ದು, ನಮಗೆ ಅರಿವಾಗದಂತೆ ತೊಟ್ಟಿಯನ್ನು ಸೇರುವ ಹುಳ, ಏಡಿ, ಬಸವನಹುಳು ಮೊದಲಾದವನ್ನು ಹವ್ಯಾಸಿಗಳು ಒಟ್ಟಾಗಿ ‘ಹಿಚ್‌ಹೈಕರ್’ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು? (ನಮ್ಮ ಕಡಲಿನ ಹವಳಗಳು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿರುವುದರಿಂದ ಅವನ್ನು ಕಿತ್ತು ತರುವಂತಿಲ್ಲ, ನಾನು ಹೇಳುತ್ತಿರುವುದು ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳ ಮಾತು. ಅಂಥವುಗಳಲ್ಲಿಯೂ ಈ ಜೀವಿಗಳು ಬರುತ್ತವೆ.)

ಕರಡಿನಲ್ಲಿ ಮೊದಲು ‘ಪರಾವಲಂಬಿ’ ಎಂದು ಬರೆಯಲಾಗಿತ್ತು. ಅದನ್ನು ನಾನು ಒಪ್ಪಲಾರೆ. ಪರಾವಲಂಬಿ ಎನ್ನುವುದು ಬದುಕುವ ರೀತಿಯನ್ನು ಹೇಳುವ ಪದ; ನಮಗೆ ಬೇಕಾದದ್ದು ಬಂದ ರೀತಿಯನ್ನು ಹೇಳುವ ಪದ. ಆಕ್ರೊಪೋರಾ ಹವಳದ ಮೇಲೆ ಕೂತು ಅದನ್ನೇ ತಿನ್ನುವ ಚಪ್ಪಟೆ ಹುಳಕ್ಕೆ ‘ಪರಾವಲಂಬಿ’ ಒಪ್ಪಬಹುದು. ಆದರೆ ಪೊಸಿಲೋಪೋರಾ ಹವಳದ ಕವಲುಗಳ ನಡುವೆ ಬರುವ ಟ್ರಪೀಸಿಯಾ ಎಂಬ ಪುಟ್ಟ ಏಡಿಯನ್ನು ಹಾಗೆ ಕರೆಯುವುದು ಅನ್ಯಾಯವೇ ಸರಿ. ಕಡಲಿನಲ್ಲಿ ಹವಳವನ್ನು ಮೇಯಲು ಬರುವ ಮುಳ್ಳುಕಿರೀಟದ ನಕ್ಷತ್ರಮೀನನ್ನು ಈ ಏಡಿ ಚಿವುಟಿ ಹಿಮ್ಮೆಟ್ಟಿಸುತ್ತದೆ. ‘ಪರಾವಲಂಬಿಗಳನ್ನು ತೆಗೆದುಹಾಕಿ’ ಎಂದು ಕೈಪಿಡಿಯಲ್ಲಿ ಬರೆದರೆ ಓದಿದವರು ಮೊದಲು ಹೊರಗೆಸೆಯುವುದು ಕಾವಲುಗಾರನನ್ನೇ.

ಹೆಸರು ಮೊದಲೇ ತೀರ್ಪು ಕೊಟ್ಟುಬಿಡುವ ತೊಂದರೆ ಬಿಡಿಬಿಡಿ ಜೀವಿಗಳ ವಿಷಯದಲ್ಲಿ ಇನ್ನೂ ಹೆಚ್ಚು. ಮೈಯ ಎರಡೂ ಬದಿ ಬಿರುಗೂದಲಿರುವ ‘ಬ್ರಿಸಲ್ ವರ್ಮ್’ ಅನ್ನು ನಮ್ಮಲ್ಲಿ ಬಹಳ ಮಂದಿ ‘ಕಂಬಳಿಹುಳ’ ಎನ್ನುತ್ತಾರೆ. ಮುಟ್ಟಿದರೆ ಕೂದಲು ಚರ್ಮದಲ್ಲಿ ನೆಟ್ಟು ಉರಿಯುವುದು ಎರಡಕ್ಕೂ ಸಮಾನವಾದುದರಿಂದ ಈ ಹೆಸರು ಹೊಳೆದದ್ದು ಸಹಜ. ಆದರೆ ಕಂಬಳಿಹುಳ ಮುಂದೆ ಪತಂಗವಾಗುವ ಮರಿ. ಇದು ಎರೆಹುಳ, ಜಿಗಣೆಗಳ ಬಳಗಕ್ಕೆ ಸೇರಿದ್ದು, ಕಡೆಯವರೆಗೂ ಹುಳವೇ. ಕೆಲಸದಲ್ಲಿಯೂ ಎರೆಹುಳಕ್ಕೇ ಹತ್ತಿರ: ಮೀನು ತಿಂದು ಬಿಟ್ಟ ಮೇವು, ಕೊಳೆತದ್ದು, ಸತ್ತದ್ದು ಇದರ ಆಹಾರ. ರಾತ್ರಿ ದೀಪ ಹಿಡಿದು ನೋಡಿದಾಗ ಸತ್ತ ಹವಳದ ಮೇಲೆ ಇವು ಮುತ್ತಿರುವುದನ್ನು ಕಂಡು, ಕೊಂದದ್ದೂ ಇವೇ ಎಂದು ನಂಬುವವರಿದ್ದಾರೆ. ಇದಕ್ಕೆ ‘ಬಿರುಗೂದಲ ಹುಳ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ. ಇದೇ ಬಳಗದಲ್ಲಿ ಹವಳವನ್ನು ತಿನ್ನುವ ಬೆಂಕಿಹುಳವೂ ಇದೆಯಾದ್ದರಿಂದ ‘ಬೆಂಕಿಹುಳ’ ಎಂಬ ಹೆಸರನ್ನು ಅದಕ್ಕೇ ಮೀಸಲಿಡುವುದು ಒಳ್ಳೆಯದು.

‘ಕೊಳವೆಹುಳ’ ಎಂಬ ಹೆಸರೂ ಹೀಗೆಯೇ ತೊಡಕಿನದು. ಕಲ್ಲಿಗೆ ಅಂಟಿಕೊಂಡ ಸುಣ್ಣದ ಕೊಳವೆ ಕಂಡರೆ ಅದನ್ನೇ ಬಳಸುತ್ತೇವೆ. ಕೊಳವೆಯ ಬಾಯಿಂದ ಬೀಸಣಿಗೆಯಂತಹ ಗರಿಗಳು ಹೊರಬಂದು, ನೆರಳು ಬಿದ್ದೊಡನೆ ಒಳಸೇರಿದರೆ ಅದು ನಿಜವಾಗಿ ಹುಳ, ನಿರುಪದ್ರವಿ. ಗರಿಗಳಿಲ್ಲದೆ ಲೋಳೆಯ ನೂಲು ತೇಲಿಬಂದು ನೆರೆಯ ಹವಳದ ಮೇಲೆ ಬಲೆಯಂತೆ ಹರಡಿಕೊಂಡರೆ ಅದು ವರ್ಮೆಟಿಡ್. ಅಂದರೆ ಚಿಪ್ಪನ್ನು ಕಲ್ಲಿಗೆ ಬೆಸೆದುಕೊಂಡು ಕೂತಲ್ಲೇ ಬಲೆ ಬೀಸಿ ಉಣ್ಣುವ ಒಂದು ಬಸವನಹುಳು. ಇದಕ್ಕೆ ‘ಬಲೆಬಸವ’ ಎಂಬುದು ನನಗೆ ಹೊಳೆದ ಪದ. ತೀರ ಗ್ರಾಮ್ಯವಾಯಿತೆ?

ಎಪ್ಟೇಸಿಯಾ ಎಂಬ ಕಂದು ಛಾಯೆಯ, ಅರೆಪಾರದರ್ಶಕ ಕಡಲಹೂವಿನ (ಹೂವಿನಂತೆ ಕಾಣುವ ಪ್ರಾಣಿ, ‘ಸೀ ಅನಿಮೋನ್’) ವಿಷಯದಲ್ಲಿ ಮಾತ್ರ ನನಗೆ ದಾಕ್ಷಿಣ್ಯವಿಲ್ಲ. ಹೊಲದ ಕರಿಕೆಯಂತೆ, ಕಿತ್ತಷ್ಟೂ ಬುಡದಲ್ಲಿ ಉಳಿದ ಚೂರಿನಿಂದ ಮತ್ತೆ ಚಿಗುರಿ ಹಬ್ಬುತ್ತದೆ, ಪಕ್ಕದ ಹವಳವನ್ನು ಕುಟುಕಿ ಸಾಯಿಸುತ್ತದೆ. ಆದ್ದರಿಂದ ಚಿಮಟ ಹಾಕಬಾರದು. ಅದನ್ನಷ್ಟೇ ತಿಂದು ಬದುಕುವ ಬರ್ಗಿಯಾ ಎಂಬ ಚಿಪ್ಪಿಲ್ಲದ ಮೃದ್ವಂಗಿಯನ್ನು ಬಿಡುವುದು ಲೇಸು. ಎಪ್ಟೇಸಿಯಾವನ್ನು ‘ಕಸ’ ಎಂದು ಕರೆಯಲು ನಮ್ಮ ಕಡೆಯ ರೈತರಾರೂ ಹಿಂಜರಿಯರು.

ಮತ್ತೆ ಒಟ್ಟು ಹೆಸರಿನ ಮಾತಿಗೆ ಬರುತ್ತೇನೆ. ‘ಆಗಂತುಕ’ ಚೆನ್ನಾಗಿದೆ, ಆದರೆ ಆಗಂತುಕ ತಾನಾಗಿ ಬರುವವನು. ಇವು ಬೇರೊಂದರ ಮೈಮೇಲೆ ಬಂದವು. ‘ಉಚಿತ ಪ್ರಯಾಣಿಕ’ ಎಂದರೆ ಬಸ್ಸಿನ ಪಾಸು ನೆನಪಾಗುತ್ತದೆ. ಇಲ್ಲಿ ಬಾಯಿಮಾತಿನಲ್ಲಿ ‘ಹವಳದ ಕೂಡ ಪುಕಟ್ ಬಂದಾವ್ರೀ’ ಎನ್ನುತ್ತಾರೆ; ಕೈಪಿಡಿಗೆ ‘ಪುಕಟ್’ ಒಗ್ಗದಿದ್ದರೂ ‘ಕೂಡ ಬಂದ’ ಎಂಬ ಭಾವ ಸರಿಯಾಗಿದೆ. ಆದರೆ ಅದನ್ನು ಬಿಗಿಗೊಳಿಸಿ ‘ಕೂಡಿಬಂದ ಜೀವಿ’ ಎಂದರೆ ಮದುವೆ, ಮುಹೂರ್ತ ಕೂಡಿಬಂದ ಅರ್ಥ ನುಸುಳುತ್ತದೆ. ‘ಗಂಟುಬಿದ್ದ ಜೀವಿ’ ಎಂದರೆ ಮತ್ತೆ ತೀರ್ಪು ಕೊಟ್ಟಂತೆ. ಒಡಹುಟ್ಟು, ಒಡನಾಡಿಗಳ ಮಾದರಿಯಲ್ಲಿ ‘ಒಡಬಂದ ಜೀವಿ’ ಎಂಬುದರ ಕಡೆಗೆ ನನ್ನ ಒಲವಿದೆ.

ತಿಳಿದವರಲ್ಲಿ ಎರಡು ವಿನಂತಿಗಳು. ‘ಒಡಬಂದ’ ಎಂಬ ಸಮಾಸ ವ್ಯಾಕರಣಕ್ಕೆ ಒಪ್ಪುವುದೇ ಎಂಬುದನ್ನು ದಯವಿಟ್ಟು ತಿಳಿಸಬೇಕು. ಎರಡನೆಯದಾಗಿ, ಕಾರವಾರ, ಭಟ್ಕಳದ ಕಡೆಯ ಮೀನುಗಾರರು ಬಲೆಯಲ್ಲಿ ಮೀನಿನ ಜೊತೆ ಸಿಕ್ಕಿಬರುವ ಬೇಡದ ಸಣ್ಣ ಜೀವಿಗಳನ್ನೆಲ್ಲ ಸೇರಿಸಿ ಹೇಳುವ ಪದವೇನಾದರೂ ಇದ್ದರೆ, ಅದನ್ನು ಉಚ್ಚಾರಣೆಯೊಂದಿಗೆ ಬರೆದು ತಿಳಿಸಿ.