ಪಿಕಪ್‌ಗೆ 3 ಇಂಚು ಲಿಫ್ಟ್ ಆಯಿತು, ಇದರ ಜೊತೆಗೆ ಇನ್ನೇನು ಮಾಡಿಸಬೇಕು?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಫೋರ್ ಬೈ ಫೋರ್ ಪಿಕಪ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್. ಈಚೆಗೆ ಒಂದು ವರ್ಕ್‌ಶಾಪ್‌ನಲ್ಲಿ 3 ಇಂಚು ಲಿಫ್ಟ್ ಹಾಕಿಸಿದೆ, ಅಂದರೆ ಗಾಡಿಯನ್ನು ಚಕ್ರದ ಮೇಲೆ ಅಷ್ಟು ಎತ್ತರಿಸಿದ್ದಾರೆ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ತಲೆಯ ಮೇಲೆ ಸ್ಪೇಸರ್, ಹಿಂದೆ ಲೀಫ್ ಪಟ್ಟಿಗೂ ಆಕ್ಸಲ್ ಹೌಸಿಂಗ್‌ಗೂ ನಡುವೆ ಬ್ಲಾಕ್. ನೋಡೋಕೆ ತುಂಬಾ ಚೆನ್ನಾಗಿದೆ, ಆದರೆ ಓಡಿಸುವಾಗ ಮೂರು ವಿಷಯ ಸರಿ ಅನಿಸುತ್ತಿಲ್ಲ.

ನಿಂತಲ್ಲಿಂದ ಹೊರಡುವಾಗ, ಅದರಲ್ಲೂ ಏರಿನಲ್ಲಿ, ಕೆಳಗಿನಿಂದ ಗಡಗಡ ನಡುಕ ಬರುತ್ತದೆ. ಸ್ವಲ್ಪ ವೇಗ ಹಿಡಿದ ಮೇಲೆ ನಿಂತುಹೋಗುತ್ತದೆ. ಎರಡನೆಯದು, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನೇರ ರಸ್ತೆಯಲ್ಲೂ ಆ ಕಡೆ ಈ ಕಡೆ ಸರಿಪಡಿಸುತ್ತಲೇ ಇರಬೇಕು. ಮೂರನೆಯದು ನನಗೆ ಜಾಸ್ತಿ ಚಿಂತೆ: ಬ್ರೇಕ್ ಒತ್ತಿದರೆ ಮೂತಿ ಮೊದಲಿಗಿಂತ ಜಾಸ್ತಿ ಬಗ್ಗುತ್ತದೆ, ಹಿಂದೆ ಲೋಡ್ ಇದ್ದಾಗ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತಿದೆ. ವರ್ಕ್‌ಶಾಪ್‌ನವರನ್ನು ಕೇಳಿದರೆ ಹೊಸದರಲ್ಲಿ ಹಾಗೇ ಇರುತ್ತದೆ, ಆಮೇಲೆ ಸೆಟ್ ಆಗುತ್ತದೆ ಅಂದರು. ಅಲೈನ್‌ಮೆಂಟ್ ಕೂಡ ಮಾಡಿಲ್ಲ.

ಈಗ ಇರುವುದು 31 ಇಂಚಿನ ಟೈರ್, 33 ಹಾಕಬೇಕು ಅಂತ ಇದೆ. ಅದಕ್ಕೂ ಮೊದಲು ಏನೇನು ಮಾಡಿಸಬೇಕು, ಯಾವುದು ಮೊದಲು? ಗೊತ್ತಿರುವವರು ದಯವಿಟ್ಟು ಹೇಳಿ.

ಗ್ರೀಸ್‌ಗನ್:

ಸೆಟ್ ಆಗುವುದಿಲ್ಲ ಸರ್. ಹೊಸ ಸ್ಪ್ರಿಂಗ್ ಆದರೆ ಸ್ವಲ್ಪ ಕೂರುತ್ತದೆ, ಸರಿ. ಸ್ಪೇಸರ್ ಮತ್ತು ಬ್ಲಾಕ್ ಗಟ್ಟಿ ಲೋಹದ ತುಂಡು, ಅದು ಕೂರುವುದು ಏನಿದೆ? ನೀವು ಹೇಳಿದ ಮೂರಕ್ಕೂ ಬೇರೆ ಬೇರೆ ಕಾರಣ ಇದೆ, ಮೂರೂ ಸರಿ ಮಾಡಬಹುದು. ಮೊದಲು ಬ್ರೇಕ್ ನೋಡಿ. ಅದು ಮುಗಿಯುವ ತನಕ ಲೋಡ್ ಹಾಕಬೇಡಿ, ಟೈರ್ ಬಗ್ಗೆ ಯೋಚನೆಯೂ ಬೇಡ.

ಹಿಂದಿನ ಹೌಸಿಂಗ್ ಹತ್ತಿರ ಮಲಗಿ ಮೇಲೆ ನೋಡಿ. ಚಾಸಿಸ್‌ಗೆ ಒಂದು ವಾಲ್ವ್ ಕೂರಿಸಿದ್ದು, ಅದರಿಂದ ಒಂದು ಕಡ್ಡಿ ಹೌಸಿಂಗ್‌ಗೆ ಬಂದಿದ್ದರೆ ಅದು ಲೋಡ್ ಸೆನ್ಸಿಂಗ್ ವಾಲ್ವ್. ತುಂಬಾ ಪಿಕಪ್‌ಗಳಲ್ಲಿ ಇರುತ್ತದೆ. ಲೋಡ್ ಹಾಕಿದಾಗ ಚಾಸಿಸ್ ಕೆಳಗೆ ಇಳಿಯುತ್ತದೆ, ಕಡ್ಡಿ ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಹೋಗುತ್ತದೆ. ಖಾಲಿ ಇದ್ದಾಗ ಚಾಸಿಸ್ ಮೇಲಿರುತ್ತದೆ, ಹಿಂದಿನ ಚಕ್ರ ಲಾಕ್ ಆಗದ ಹಾಗೆ ಒತ್ತಡ ಕಡಿಮೆ ಮಾಡುತ್ತದೆ. ಈಗ ನೀವು ಚಾಸಿಸ್ ಅನ್ನೇ 3 ಇಂಚು ಮೇಲೆತ್ತಿದ್ದೀರಿ. ವಾಲ್ವ್ ಲೆಕ್ಕದಲ್ಲಿ ಗಾಡಿ ಯಾವಾಗಲೂ ಖಾಲಿ. ಲೋಡ್ ಇದ್ದರೂ ಹಿಂದಿನ ಬ್ರೇಕ್ ಅರೆಮನಸ್ಸಿನಲ್ಲೇ ಹಿಡಿಯುತ್ತದೆ, ಕೆಲಸವೆಲ್ಲ ಮುಂದಿನದೇ ಮಾಡಬೇಕು. ಗಾಡಿಯ ಭಾರ ಮೇಲಕ್ಕೆ ಹೋಗಿರುವುದರಿಂದ ಮೂತಿ ಬಗ್ಗುವುದು ಸ್ವಲ್ಪ ಹೇಗೂ ಜಾಸ್ತಿಯಾಗುತ್ತದೆ, ಆದರೆ ನಿಲ್ಲುವ ದೂರ ಉದ್ದವಾಗಿದೆ ಅಂದರೆ ನನ್ನ ಅನುಮಾನ ಇದರ ಮೇಲೇ.

ಪರಿಹಾರ ದೊಡ್ಡದಲ್ಲ. ಹೌಸಿಂಗ್ ಕಡೆಯ ತುದಿಯನ್ನು ಲಿಫ್ಟ್ ಆದಷ್ಟೇ ಮೇಲೆತ್ತುವ ಬ್ರಾಕೆಟ್ ಸಿಗುತ್ತದೆ, ಅದನ್ನು ಹಾಕಿಸಿ ಪ್ರೆಶರ್ ಗೇಜ್ ಇಟ್ಟು ಸೆಟ್ ಮಾಡಿಸಿ. ಕೆಲವರು ವಾಲ್ವನ್ನೇ ಕಿತ್ತು ಲೈನ್ ನೇರ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಖಾಲಿ ಗಾಡಿಯಲ್ಲಿ ಒದ್ದೆ ರಸ್ತೆ ಮೇಲೆ ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ.

ಆಮೇಲೆ ಬ್ರೇಕ್ ಹೋಸ್, ಅಂದರೆ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪ್. ಚಾಸಿಸ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರ ಪೂರ್ತಿ ಜೋತು ಬೀಳಲಿ. ಸ್ಟೇರಿಂಗ್ ಎರಡೂ ಕಡೆ ಕೊನೆಯ ತನಕ ತಿರುಗಿಸಿ ನೋಡಿ. ಯಾವ ಹೋಸ್ ಬಿಗಿಯಾಗಿ ಎಳೆದುಕೊಂಡಿದ್ದರೂ ಉದ್ದದ್ದು ಹಾಕಿಸಲೇಬೇಕು. ಸಮತಟ್ಟಿನಲ್ಲಿ ನಿಂತಾಗ ಎಲ್ಲವೂ ಸಡಿಲವಾಗಿಯೇ ಕಾಣುತ್ತದೆ, ಒಂದು ಚಕ್ರ ಗುಂಡಿಗೆ ಇಳಿದಾಗಲೇ ಅದರ ನಿಜ ಗೊತ್ತಾಗುವುದು. ಅದೇ ಹೊತ್ತಿಗೆ ಎಬಿಎಸ್ ವೈರ್, ಹ್ಯಾಂಡ್ ಬ್ರೇಕ್ ಕೇಬಲ್, ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್ ಗುಂಡು) ಗಾಳಿಯಾಡುವ ಬ್ರೀದರ್ ಪೈಪ್ ಕೂಡ ನೋಡಿಬಿಡಿ.

ಇನ್ನು ನಡುಕ. ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಿಮ್ಮದು ಎರಡು ತುಂಡಿನದ್ದಾ, ಮಧ್ಯೆ ಸೆಂಟರ್ ಬೇರಿಂಗ್ ಇದೆಯಾ? ಇದ್ದರೆ ಕೇಳಿ. ಮುಂದಿನ ತುಂಡು ಮೊದಲಿದ್ದ ಹಾಗೇ ಇದೆ. ಹಿಂದಿನ ತುಂಡು ಮಾತ್ರ ಜಾಸ್ತಿ ಇಳಿಜಾರಾಯಿತು, ಹಾಗಾಗಿ ನಡುವಿನ ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಮತ್ತು ಪಿನಿಯನ್ (ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ಗೇರ್) ಹತ್ತಿರದ ಕ್ರಾಸ್ ಎರಡರ ಕೋನವೂ ಬೆಳೆಯಿತು. ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಾಗಿ ಕಡಿಮೆಯಾಗುತ್ತದೆ. ಎರಡು ತುದಿಯ ಕೋನ ಸಮ ಇದ್ದರೆ ಒಂದರದ್ದು ಇನ್ನೊಂದು ಅಳಿಸಿಹಾಕುತ್ತದೆ, ಇಲ್ಲದಿದ್ದರೆ ನಡುಕ. ಹೊರಡುವಾಗ ಮಾತ್ರ ಬರುವುದಕ್ಕೂ ಕಾರಣ ಇದೆ. ಟಾರ್ಕ್ (ತಿರುಗಿಸುವ ಬಲ) ಬಿದ್ದ ತಕ್ಷಣ ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ, ಪಟ್ಟಿ ತಿರುಚಿಕೊಳ್ಳುತ್ತದೆ, ಬ್ಲಾಕ್ ಎತ್ತರ ಇದ್ದಷ್ಟೂ ಆ ತಿರುಚು ಜಾಸ್ತಿ. ವೇಗ ಏರಿದಂತೆ ನಡುಕವೂ ಏರುತ್ತಾ ಹೋಗಿದ್ದರೆ ನಾನು ಮೊದಲು ಬ್ಯಾಲೆನ್ಸ್ ನೋಡಿ ಅನ್ನುತ್ತಿದ್ದೆ.

ಸೆಂಟರ್ ಬೇರಿಂಗ್ ಬ್ರಾಕೆಟ್ ಕೆಳಗೆ ಸ್ಪೇಸರ್ ಕೊಟ್ಟು ಸ್ವಲ್ಪ ಇಳಿಸಿದರೆ ಹೆಚ್ಚಿನ ಗಾಡಿಗಳಲ್ಲಿ ಇದು ಹೋಗುತ್ತದೆ. ಹೋಗದಿದ್ದರೆ ಪಟ್ಟಿ ಕೆಳಗೆ ಓರೆ ಶಿಮ್ (ಬೆಣೆಯಂಥ ತಗಡು) ಹಾಕಿ ಪಿನಿಯನ್ ಕೋನ ಸರಿ ಮಾಡಬೇಕು. ಅಳತೆ ಮಾಡದೆ ಶಿಮ್ ಹಾಕಬೇಡಿ, ಉಲ್ಟಾ ಹಾಕಿದರೆ ಇನ್ನೂ ಕೆಡುತ್ತದೆ. ಗಾಡಿ ಸಮತಟ್ಟಿನಲ್ಲಿ ಚಕ್ರದ ಮೇಲೇ ನಿಂತಿರಲಿ, ಡಿಜಿಟಲ್ ಆಂಗಲ್ ಗೇಜ್ ಇಟ್ಟು ಶಾಫ್ಟ್ ತುಂಡುಗಳದ್ದೂ ಪಿನಿಯನ್‌ದೂ ಕೋನ ಬರೆದುಕೊಳ್ಳಿ. ಪ್ರತಿ ಕ್ರಾಸ್‌ನ ಕೋನ 3 ಡಿಗ್ರಿಯೊಳಗೆ, ಒಂದಕ್ಕೊಂದು ಹೊಂದಬೇಕಾದ ಕೋನಗಳ ನಡುವೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲದಂತೆ ನೋಡಿಕೊಂಡರೆ ಒಳ್ಳೆಯದು. ಶಿಮ್ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಲೋಡ್ ಗಾಡಿಯಲ್ಲಿ ಒಡೆಯುತ್ತದೆ.

ಸ್ಟೇರಿಂಗ್ ವಾಪಸ್ ಬಾರದಿರುವುದು ಕ್ಯಾಸ್ಟರ್ ಕಡಿಮೆಯಾಗಿರುವುದರಿಂದ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ, ಪಕ್ಕದಿಂದ ನೋಡಿದರೆ, ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಮುಂದೆ ಎತ್ತಿದರೆ ಕ್ಯಾಸ್ಟರ್ ಹೋಗುತ್ತದೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವುದು) ಕೂಡ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡದೆ ಗಾಡಿ ಕೈಗೆ ಕೊಟ್ಟದ್ದು ನಿಜಕ್ಕೂ ತಪ್ಪು. ಮಾಡಿಸುವಾಗ ಬರೀ ಟೋ ಸೆಟ್ ಮಾಡಿ ಕಳಿಸಲು ಬಿಡಬೇಡಿ, ಮೂರೂ ಅಂಕಿಯ ಪ್ರಿಂಟ್ ಕೇಳಿ ತಗೊಳ್ಳಿ. ಕೋನ ಹೊಂದಿಸುವ ಕ್ಯಾಮ್ ಬೋಲ್ಟ್ ಕೊನೆಗೆ ಮುಟ್ಟಿದರೂ ಕ್ಯಾಸ್ಟರ್ ಕಂಪನಿ ಹೇಳಿದ ಅಳತೆಗೆ ಬರದಿದ್ದರೆ ಚಕ್ರವನ್ನು ಮೇಲ್ಗಡೆ ಹಿಡಿದಿರುವ ಅಪ್ಪರ್ ಕಂಟ್ರೋಲ್ ಆರ್ಮ್ ಬದಲಾಯಿಸದೆ ದಾರಿ ಇಲ್ಲ.

ಟಾರ್ಕ್‌ರೆಂಚ್:

ಗ್ರೀಸ್‌ಗನ್ ಹೇಳಿದ್ದು ಸರಿ, ನನ್ನದು ಒಂದಷ್ಟು ಸೇರಿಸುತ್ತೇನೆ.

ಬ್ಲಾಕ್ ಹಾಕುವಾಗ ಪಟ್ಟಿಯನ್ನು ಹೌಸಿಂಗ್‌ಗೆ ಬಿಗಿಯುವ ಹೊಸ ಉದ್ದದ ಯು ಬೋಲ್ಟ್ ಹಾಕಿದ್ದಾರಾ ಕೇಳಿ. ಯು ಬೋಲ್ಟ್ ಒಮ್ಮೆ ಪೂರ್ತಿ ಬಿಗಿದ ಮೇಲೆ ಎಳೆದುಕೊಂಡಿರುತ್ತದೆ, ಅದನ್ನು ಬಿಚ್ಚಿ ಮತ್ತೆ ಬಳಸಬಾರದು. ಹೊಸದೇ ಆದರೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ (ಬಿಗಿತ) ನೋಡಲೇಬೇಕು. ಸಡಿಲವಾದರೆ ಹೌಸಿಂಗ್ ಜಾಗ ಬಿಡುತ್ತದೆ. ಬ್ಲಾಕ್ ಮೇಲೆ ಬ್ಲಾಕ್ ಇಟ್ಟಿದ್ದರೆ ಇವತ್ತೇ ತೆಗೆಸಿ.

ಮುಂದಿನ ಕಂಟ್ರೋಲ್ ಆರ್ಮ್ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲೆ ಇದ್ದಾಗಲೇ ಬಿಗಿದಿದ್ದರೆ ಅದೂ ತೊಂದರೆ. ರಬ್ಬರ್ ಆ ಜೋತುಬಿದ್ದ ಸ್ಥಿತಿಗೆ ಅಂಟಿಕೊಂಡಿರುತ್ತದೆ, ಚಕ್ರ ನೆಲಕ್ಕೆ ಇಳಿದಾಗಿನಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಸಡಿಲ ಮಾಡಿ, ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಬೇಕು. ಅಲೈನ್‌ಮೆಂಟ್‌ಗೆ ಮೊದಲೇ ಇದನ್ನು ಮಾಡಿಸಿ.

ಅಪ್ಪರ್ ಆರ್ಮ್ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಸ್ಟರ್ ಬಂದರೂ ಬರದಿದ್ದರೂ ಸ್ಪೇಸರ್‌ನಲ್ಲಿ 3 ಇಂಚು ಎತ್ತಿದ ಮೇಲೆ ಅದನ್ನು ಬದಲಾಯಿಸುವುದೇ ವಾಸಿ. ಸ್ಪೇಸರ್ ಹಾಕಿದಾಗ ಚಕ್ರ ಕೆಳಗೆ ಇಳಿಯುವ ಕೊನೆಯ ಹಂತವೂ ಅಷ್ಟೇ ಕೆಳಗೆ ಹೋಗುತ್ತದೆ. ಆಗ ಕಂಪನಿ ಆರ್ಮ್ ಸ್ಪ್ರಿಂಗ್‌ಗೆ ತಾಗಬಹುದು, ಬಾಲ್ ಜಾಯಿಂಟ್ ತನ್ನ ಮಿತಿ ದಾಟಿ ಒತ್ತಿಕೊಳ್ಳುತ್ತದೆ. ಚಕ್ರ ಜೋತುಬಿಟ್ಟು ನೋಡಿದರೆ ತಾಗಿದ ಗುರುತು ಕಣ್ಣಿಗೇ ಕಾಣುತ್ತದೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಸಿವಿ ಜಾಯಿಂಟ್‌ಗೂ ಇದೇ ಕಥೆ, ಅದರ ಕೋನವೂ ಬೆಳೆಯುತ್ತದೆ. ಮುಂದಿನ ಡಿಫರೆನ್ಷಿಯಲ್ ಇಳಿಸುವ ಡಿಫ್ ಡ್ರಾಪ್ ಕಿಟ್ ಆ ಕೋನವನ್ನು ಸ್ವಲ್ಪ ಕಡಿಮೆ ಮಾಡುತ್ತದೆ.

ಗ್ರೀಸ್‌ಗನ್:

ಆರ್ಮ್ ಬಗ್ಗೆ ಒಪ್ಪುತ್ತೇನೆ. ಡಿಫ್ ಡ್ರಾಪ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಒಂದು ಇಂಚಿನಷ್ಟು ಇಳಿಸುತ್ತದೆ ಅಷ್ಟೇ, ಕಲ್ಲಿಗೆ ತಾಗುವ ಭಾಗವೇ ಕೆಳಗೆ ಬರುತ್ತದೆ. ಮೊದಲು ಸಿವಿ ಬೂಟ್ (ಆ ಜಾಯಿಂಟ್‌ನ ರಬ್ಬರ್ ಮುಸುಕು) ನೋಡಿ. ಮಡಿಕೆ ಒಂದಕ್ಕೊಂದು ಉಜ್ಜಿ ಸವೆದಿದ್ದರೆ, ಗ್ರೀಸ್ ಹೊರಗೆ ಸಿಡಿದಿದ್ದರೆ ಆಗ ಹಾಕಿ. ಅದಕ್ಕಿಂತ ಲಿಫ್ಟನ್ನೇ 2 ಇಂಚಿಗೆ ಇಳಿಸುವುದು ಉತ್ತಮ. ಇಂಡಿಪೆಂಡೆಂಟ್ ಫ್ರಂಟ್ ಇರುವ ಗಾಡಿಯಲ್ಲಿ ಅಷ್ಟಕ್ಕೆ ನಿಂತರೆ ಅರ್ಧ ತಲೆನೋವು ಇರುವುದೇ ಇಲ್ಲ.

ಹೊಸಬಲೀಫ್:

ಮಧ್ಯೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಗಾಡಿಗೆ ಮುಂದೆಯೂ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಇದೇ ಲೆಕ್ಕ ಅನ್ವಯವಾಗುತ್ತದಾ?

ಟಾರ್ಕ್‌ರೆಂಚ್:

ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ಶಾಕ್ ಅಬ್ಸಾರ್ಬರ್ ಅಂದರೆ ಶಾಕಬ್‌ಗೆಲ್ಲ ಅದೇ. ಸಿವಿ, ಅಪ್ಪರ್ ಆರ್ಮ್ ಚಿಂತೆ ನಿಮಗಿಲ್ಲ. ಬದಲಿಗೆ ಪ್ಯಾನ್‌ಹಾರ್ಡ್ ರಾಡ್ ನೋಡಿ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಸ್‌ಗೆ ಹಿಡಿದಿಡುವ ಅಡ್ಡ ಕಡ್ಡಿ ಅದು. ಗಾಡಿ ಮೇಲೆದ್ದಾಗ ಅದು ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆದಿರುತ್ತದೆ, ಉದ್ದ ಹೊಂದಿಸಬಹುದಾದ ರಾಡ್ ಹಾಕಿ ನಡುವಿಗೆ ತರಬೇಕು. ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಒಂದೇ ಇಳಿಜಾರಿನಲ್ಲಿ ಇರಬೇಕು. ಒಂದನ್ನು ಮಾತ್ರ ಇಳಿಸಿ ಇನ್ನೊಂದನ್ನು ಬಿಟ್ಟರೆ ಗುಂಡಿ ಬಂದಾಗೆಲ್ಲ ಸ್ಟೇರಿಂಗ್ ತಾನೇ ಎಳೆಯುತ್ತದೆ.

ಮಣ್ಣುದಾರಿ:

ಇಬ್ಬರಿಗೂ ತುಂಬಾ ಧನ್ಯವಾದ. ಕೆಳಗೆ ಮಲಗಿ ನೋಡಿದೆ. ಲೋಡ್ ಸೆನ್ಸಿಂಗ್ ವಾಲ್ವ್ ಇದೆ, ಕಡ್ಡಿ ಪೂರ್ತಿ ಕೆಳಗೆ ಜಗ್ಗಿಕೊಂಡಿದೆ, ಬ್ರಾಕೆಟ್ ಹಾಕಿಲ್ಲ. ಶಾಫ್ಟ್ ಎರಡು ತುಂಡಿನದ್ದೇ. ಹಿಂದಿನ ಹೋಸ್ ಚಕ್ರ ಜೋತುಬಿದ್ದಾಗ ಬಿಗಿಯಾಗುತ್ತದೆ. ಯು ಬೋಲ್ಟ್ ಹೊಸದು, ಅದೊಂದು ಸಮಾಧಾನ. ಬ್ರಾಕೆಟ್, ಹೋಸ್, ಸೆಂಟರ್ ಬೇರಿಂಗ್ ಸ್ಪೇಸರ್ ಮೊದಲು ಮಾಡಿಸುತ್ತೇನೆ, ಬೇರೆ ಕಡೆ. 33 ಟೈರ್ ಬಗ್ಗೆಯೂ ಹೇಳಿಬಿಡಿ. ಲಿಫ್ಟ್ ಇದೆಯಲ್ಲ, ತಾಗುವುದಿಲ್ಲ ಅಲ್ವಾ?

ಟಾರ್ಕ್‌ರೆಂಚ್:

ನಿಂತಾಗ ತಾಗುವುದಿಲ್ಲ. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಾಗಬಹುದು. ಲಿಫ್ಟ್ ಗಾಡಿ ನಿಲ್ಲುವ ಎತ್ತರವನ್ನು ಬದಲಾಯಿಸುತ್ತದೆ, ಆದರೆ ಚಕ್ರ ಮೇಲಕ್ಕೆ ಎಲ್ಲಿಯ ತನಕ ಹೋಗಬಹುದು ಅನ್ನುವುದನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ ರಬ್ಬರ್. ಅದನ್ನು ಉದ್ದ ಮಾಡದೆ ದೊಡ್ಡ ಟೈರ್ ಹಾಕಿದರೆ ದೊಡ್ಡ ಗುಂಡಿಯಲ್ಲಿ ಫೆಂಡರ್ ಹರಿಯುತ್ತದೆ. ಒಂದು ಮುಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲೆಲ್ಲಿ ಹತ್ತಿರ ಬರುತ್ತದೆ ನೋಡಿ. ರಿಮ್ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದು) ಕೂಡ ಮುಖ್ಯ, ಟೈರ್ ಹೊರಗೆ ಬಂದಷ್ಟೂ ತಿರುಗುವಾಗ ಅದು ದೊಡ್ಡ ವೃತ್ತ ಹೊಡೆಯುತ್ತದೆ. ಹಿಂದಿನ ಶಾಕಬ್ ಉದ್ದ ಸಾಕಾಗುತ್ತದಾ ಅದನ್ನೂ ಇದೇ ಸಲ ನೋಡಿ. ಚಕ್ರ ಜೋತುಬಿದ್ದಾಗ ಶಾಕಬ್ಬೇ ಎಳೆದು ಹಿಡಿದಿದ್ದರೆ ಅದು ಬೇಗ ಹಾಳಾಗುತ್ತದೆ.

ಒಂದು ಲಾಭವೂ ಹೇಳುತ್ತೇನೆ. ಹಿಂದಿನ ಡಿಫರೆನ್ಷಿಯಲ್ ಕೆಳಗೆ ಜಾಗ ಬೇಕಿದ್ದರೆ ಅದನ್ನು ಕೊಡುವುದು ಟೈರ್ ಮಾತ್ರ, ಲಿಫ್ಟ್ ಅಲ್ಲ. 31ರಿಂದ 33ಕ್ಕೆ ಹೋದರೆ ಅಲ್ಲಿ 1 ಇಂಚು ಸಿಗುತ್ತದೆ.

ಗ್ರೀಸ್‌ಗನ್:

ಸ್ಪೀಡೋಮೀಟರ್ ಮರೆಯಬೇಡಿ. 33 ಅನ್ನು 31ರಿಂದ ಭಾಗಿಸಿದರೆ 1.065 ಹತ್ತಿರ ಬರುತ್ತದೆ. ಈಗ ಮೀಟರ್ ಸರಿಯಾಗಿ ತೋರಿಸುತ್ತಿದೆ ಅಂತ ಇಟ್ಟುಕೊಂಡರೆ, ಟೈರ್ ಬದಲಾದ ಮೇಲೆ ಅದು 100 ತೋರಿಸುವಾಗ ನೀವು 106ರ ಮೇಲಿರುತ್ತೀರಿ. ಓಡೋಮೀಟರ್ ಕಡಿಮೆ ತೋರಿಸುತ್ತದೆ, ಮೈಲೇಜ್ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಿ. ಇದಕ್ಕೆ ಕ್ಯಾಲಿಬ್ರೇಷನ್ ಮಾಡಿಸಬಹುದು.

ಗೇರ್ ಕೂಡ ಅಷ್ಟೇ ಎಳೆತ ಕಳೆದುಕೊಳ್ಳುತ್ತದೆ. ಆಕ್ಸಲ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವ ಲೆಕ್ಕ) 3.73 ಇದ್ದರೆ ಅದು 3.50ರಂತೆ ವರ್ತಿಸುತ್ತದೆ. ಖಾಲಿ ಓಡಾಡಲು ಸಹಿಸಬಹುದು. ಲೋಡ್ ಹಾಕಿ ಏರು ಹತ್ತುವವರು ನೀವು, ನಿಮಗೆ ಗೊತ್ತಾಗುತ್ತದೆ. 4.10 ಹಾಕಿಸಿದರೆ ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಎಳೆತ ಸಿಗುತ್ತದೆ, ಆದರೆ ಫೋರ್ ಬೈ ಫೋರ್‌ನಲ್ಲಿ ಮುಂದೆ ಹಿಂದೆ ಎರಡೂ ಒಂದೇ ರೇಷಿಯೋ ಇರಬೇಕು, ಹಾಗಾಗಿ ಎರಡೂ ಡಿಫರೆನ್ಷಿಯಲ್ ಬಿಚ್ಚುವ ಕೆಲಸ. ಹೊಸ ಟೈರ್ ಭಾರವೂ ಜಾಸ್ತಿ, ಅದನ್ನು ನಿಲ್ಲಿಸಬೇಕಾದದ್ದು ಅದೇ ಹಳೆಯ ಬ್ರೇಕ್. ಅದಕ್ಕೇ ವಾಲ್ವ್ ಕೆಲಸ ಮೊದಲು ಅಂದದ್ದು. ನನ್ನ ಮಾತು ಕೇಳುವುದಾದರೆ 32ಕ್ಕೆ ನಿಲ್ಲಿ.

ಅಲೈನ್‌ಮೆಂಟ್ ಆದ ದಿನವೇ ಸ್ಟೇರಿಂಗ್ ಆಂಗಲ್ ಸೆನ್ಸರ್ ಸೊನ್ನೆಗೆ ತರಿಸಿ, ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಗೆ ಅದು ಬೇಕು. ಹೆಡ್‌ಲೈಟ್ ಕೂಡ ಕೆಳಗೆ ಇಳಿಸಿ, ಈಗ ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತಿರುತ್ತದೆ. ಇನ್ಶೂರೆನ್ಸ್‌ನವರಿಗೆ ತಿಳಿಸಿ, ನಿಮ್ಮ ಕಡೆ ಎಷ್ಟು ಎತ್ತರದ ತನಕ ಅನುಮತಿ ಇದೆ ಅಂತಲೂ ವಿಚಾರಿಸಿ. ಸೆಂಟರ್ ಬೇರಿಂಗ್ ಇಳಿಸಿದ ಮೇಲೂ ನಡುಕ ಇದ್ದರೆ ಶಾಫ್ಟ್ ತುಂಡುಗಳ ಮತ್ತು ಪಿನಿಯನ್ ಕೋನ ಇಲ್ಲಿ ಹಾಕಿ, ಶಿಮ್ ಎಷ್ಟು ಡಿಗ್ರಿ, ಯಾವ ಕಡೆಗೆ ಅಂತ ಸೇರಿ ಲೆಕ್ಕ ಹಾಕೋಣ.